ಮೇಡಂ ಜೊತೆ ನಮ್ಮೂರು ಎಣಿಸಿದ್ದು

ನಾನು ಸುಮ್ಮನೆ ಕೂತಿದ್ದರೂ ನನ್ನ ಸುತ್ತ ಏನಾದರೊಂದು ಆಗುತ್ತಲೇ ಇರುತ್ತೆ. ಆದದ್ದಕ್ಕೆಲ್ಲ ನಾನೇ ಕಾರಣ ಅಂತ ಊರವರು ಹೇಳ್ತಾರೆ. ಅದರಲ್ಲಿ ಅರ್ಧ ಮಾತ್ರ ನಿಜ.

ನಮ್ಮೂರು ಇರೋದು ಚಿನ್ನದ ಗಣಿ ಇದ್ದ ಚಾಂಪಿಯನ್ ರೀಫ್ಸಿಗೂ ಕ್ಯಾಸಂಬಳ್ಳಿಗೂ ನಡುವೆ. ಅಲ್ಲಿಗೆ ಮನೆಮನೆ ಸಮೀಕ್ಷೆ ಬಂತು. ಮನೇಲಿ ಎಷ್ಟು ಜನ, ಎಷ್ಟು ಓದಿದ್ದಾರೆ, ಏನು ಕೆಲಸ, ಹಸು ಎಷ್ಟು, ಬೈಕ್ ಎಷ್ಟು, ಯಾವ ಭಾಷೆ, ಎಲ್ಲಾ ಕೇಳಿ ಮೊಬೈಲಲ್ಲಿ ತುಂಬಿಸಬೇಕು. ಆ ಕೆಲಸ ಬಿದ್ದಿದ್ದು ನಮ್ಮ ಹೈಸ್ಕೂಲಿನ ಲೆಕ್ಕದ ಮೇಡಂ ತಲೆ ಮೇಲೆ.

ಈ ಮೇಡಂ ನನ್ನನ್ನು ಕ್ಲಾಸಿನ ಆಚೆ ನಿಲ್ಲಿಸಿದಷ್ಟು ಒಳಗೆ ಕೂರಿಸಿಲ್ಲ. ಎಸ್ಸೆಲ್ಸಿಯಲ್ಲಿ ಗೋತಾ ಹೊಡೆದು ನಾನು ಸ್ಕೂಲು ಬಿಟ್ಟಾಗ ಇಬ್ಬರಿಗೂ ಸಮಾಧಾನ ಆಗಿತ್ತು. ಆದರೂ ಅವತ್ತು ಹುಡುಕಿಕೊಂಡು ಬಂದಿದ್ದು ನನ್ನನ್ನೇ.

"ಊರಿನ ಎಲ್ಲಾ ಮನೆ ನಿನಗೆ ಗೊತ್ತಲ್ವೇನೋ?"

"ಎಲ್ಲಾ ಮನೇವ್ರೂ ಒಂದ್ಸಲನಾದ್ರೂ ನನ್ನ ಅಟ್ಟಾಡಿಸ್ಕೊಂಡ್ ಬಂದವ್ರೆ ಮೇಡಂ. ಗೊತ್ತಿಲ್ದೆ ಏನು?"

ಅವರಿಗೆ ಅವಸರ ಇತ್ತು. ಶುಕ್ರವಾರ ಚಿಂತಾಮಣಿಯಲ್ಲಿ ಮಗಳ ನಿಶ್ಚಿತಾರ್ಥ. ರಜೆ ಕೇಳಿದರೆ ಮೇಲಿನ ಸಾಹೇಬರು, "ಊರು ಪೂರ್ತಿ ಮುಗಿಸಿ, ಆಮೇಲೆ ಹೋಗಿ" ಅಂದುಬಿಟ್ಟಿದ್ದರಂತೆ. ಅವತ್ತು ಆಗಲೇ ಸೋಮವಾರ. ಗಂಡಿನ ಕಡೆಯವರು ಬಂದು ಚಾಪೆ ಮೇಲೆ ಕೂತಾಗ ತಟ್ಟೆ ಬದಲಾಯಿಸೋಕೆ ಹೆಣ್ಣಿನ ತಾಯೀನೇ ಇಲ್ಲ ಅಂದರೆ ಹೇಗೆ? ಮೇಡಂ ಸೆರಗು ಸಿಕ್ಕಿಸಿಕೊಂಡು ನನ್ನ ಗಾಡಿ ಹಿಂದೆ ಕೂತರು.

ಯಾರದ್ದೂ ಅಲ್ಲದ ಹಸು

ಹಸು ಇದೆ ಅಂದರೆ ರೇಷನ್ ಕಾರ್ಡು ಕಿತ್ಕೊಳ್ತಾರೆ ಅಂತ ಡೇರಿ ಹತ್ತಿರ ಸುದ್ದಿ ಹಬ್ಬಿತ್ತು. ಈ ಸಲ ಹಬ್ಬಿಸಿದ್ದು ನಾನಲ್ಲ.

ಮೊದಲನೇ ಮನೆಯ ಅಕ್ಕ ಹಾಲಿನ ಕ್ಯಾನು ತೊಳೀತಾ ಇದ್ದಳು.

"ಹಸು ಎಷ್ಟಿದೆಯಮ್ಮಾ?" ಅಂದರು ಮೇಡಂ.

"ಒಂದೂ ಇಲ್ಲ ಮೇಡಂ."

ಮನೆ ಹಿಂದೆ "ಅಂಬಾ" ಅಂತು.

"ಅದು ಪಕ್ಕದ್ಮನೇದು," ಅಂದಳು ಅಕ್ಕ, ಕ್ಯಾನು ಸೆರಗಲ್ಲಿ ಮುಚ್ಚಿಕೊಂಡು.

ಪಕ್ಕದ ಮನೆಗೆ ಹೋದರೆ, "ಅಯ್ಯೋ, ನಮ್ದೆಲ್ಲಿ ಬಂತು ಮೇಡಂ? ಅದು ಆ ಕಡೆ ಮನೇದು" ಅಂದರು. ಆ ಕಡೆ ಮನೆಯವರು ಮತ್ತೆ ಈ ಕಡೆಗೆ ಕೈ ತೋರಿಸಿದರು. ಬೀದಿ ತುಂಬಾ ಸಗಣಿ, ಬೀದಿಯಲ್ಲಿ ಒಬ್ಬರಿಗೂ ಹಸು ಇಲ್ಲ. ಮೇಡಂ ಹಣೆ ಒರೆಸಿಕೊಂಡರು. ಇದೇ ರೀತಿ ಹೋದರೆ ಶುಕ್ರವಾರ ಅಲ್ಲ, ಮಗಳ ಸೀಮಂತಕ್ಕೂ ಹೋಗೋದು ಡೌಟು.

ನಾನು ಮೊದಲನೇ ಮನೆ ಹಿಂದಿನ ಕೊಟ್ಟಿಗೆಗೆ ಹೋಗಿ ಹಸು ಹಗ್ಗ ಬಿಚ್ಚಿದೆ. ಬೀದಿಗೆಲ್ಲ ಕೇಳೋ ಹಾಗೆ ಕೂಗಿದೆ: "ಮೇಡಂ, ಯಾರ್ದೂ ಅಲ್ವಂತೆ, ಬಿಡಾಡಿ ದನ. ಪಂಚಾಯ್ತಿ ದೊಡ್ಡಿಗೆ ಒಡ್ಕೊಂಡ್ ಓಗ್ತೀನಿ, ನೀವು ಮುಂದಿನ ಮನೆ ನೋಡ್ತಿರಿ!"

ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಅಕ್ಕ ಓಡಿಬಂದು ಹಗ್ಗ ಕಿತ್ತುಕೊಂಡಳು. "ಬಿಡ್ಲಾ! ನಮ್ ಗೌರೀನ ಬಿಡಾಡಿ ಅಂತೀಯಾ? ಇದ್ರ ಹಾಲಿಗೆ ಡೇರೀಲಿ ಬರೋ ಫ್ಯಾಟು ನಿಮ್ ಬೀದೀಲಿ ಯಾವ ಹಸುಗ್ ಬತ್ತದೆ ಏಳು ನೋಡೋಣ! ಬರ್ಕೊಳಿ ಮೇಡಂ, ನಮ್ದೇ. ನಮ್ಮಪ್ಪ ಮದ್ವೇಲಿ ಕೊಟ್ಟಿದ್ದು, ಅದ್ರ ಮಗಳು ಇದು."

ಮೇಡಂ ಬರೆದುಕೊಂಡರು. ಅಷ್ಟರಲ್ಲಿ ಕರು ಓಡಿಬಂದು ಗೌರಿ ಕೆಚ್ಚಲಿಗೆ ಬಾಯಿ ಹಾಕ್ತು. ಮೇಡಂ ಕನ್ನಡಕದ ಮೇಲಿಂದ ಅಕ್ಕನ ಮುಖ ನೋಡಿದರು.

ಅಕ್ಕ ಕರುವನ್ನ ಪಕ್ಕಕ್ಕೆ ಎಳೆದು ಅಂದಳು: "ಕರು ಮಾತ್ರ ಪಕ್ಕದ್ಮನೇದು."

ಎರಡನೇ ಒಲೆ

ನಮ್ಮ ಕಡೆ ಒಂದೇ ಮನೇಲಿದ್ದರೂ ಒಲೆ ಬೇರೆ ಇದ್ದರೆ ಸಂಸಾರ ಬೇರೆ. ಸಂಸಾರ ಬೇರೆ ಆದರೆ ಕಾರ್ಡೂ ಬೇರೆ. ಹಾಗಾಗಿ ಎಷ್ಟೋ ಮನೇಲಿ ಅಣ್ಣ ತಮ್ಮ ಒಂದೇ ತಟ್ಟೇಲಿ ಮುದ್ದೆ ಮುರೀತಾರೆ, ಒಲೆ ಮಾತ್ರ ಎರಡು ಇರುತ್ತೆ.

ಒಂದು ಮನೇಲಿ ಅತ್ತೆ ನಮ್ಮನ್ನು ಬಾಗಿಲಲ್ಲೇ ತಡೆದು ಹೇಳಿದಳು: "ಮಕ್ಕಳಿಬ್ರೂ ಬೇರೆ ಆಗೋಗವ್ರೆ ಮೇಡಂ. ಒಬ್ರ ಮುಖ ಒಬ್ರು ನೋಡಾಕಿಲ್ಲ." ಅವಳ ಹಿಂದೆ ಆ ಇಬ್ಬರೂ ಮಕ್ಕಳು ಒಂದೇ ಬೀಡಿಯನ್ನು ಸರದಿ ಮೇಲೆ ಸೇದ್ತಾ ಕೂತಿದ್ದರು.

ಮೇಡಂಗೂ ಅನುಮಾನ ಬಂತು. "ಎರಡನೇ ಒಲೆ ತೋರಿಸಿ" ಅಂದರು.

ಹಿತ್ತಲಲ್ಲಿ ತೋರಿಸಿದರು. ಒಲೆ ಏನೋ ಇತ್ತು. ಅದರೊಳಗೆ ಹುಲ್ಲು ಹಾಸಿಕೊಂಡು ಒಂದು ಕೋಳಿ ಮೊಟ್ಟೆ ಮೇಲೆ ಕಾವಿಗೆ ಕೂತಿತ್ತು. ನಮ್ಮನ್ನು ನೋಡಿ ಕೊರ್ ಅಂತು. ನಾನು ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದೆ.

"ಇಲ್ಲೇನಮ್ಮಾ ನೀನು ದಿನಾ ಅಡುಗೆ ಮಾಡೋದು?" ಅಂತ ಚಿಕ್ಕ ಸೊಸೇನ ಕೇಳಿದರು ಮೇಡಂ.

"ಊ ಮೇಡಂ."

"ಇವತ್ತು ಏನು ಅಡುಗೆ?"

ಚಿಕ್ಕ ಸೊಸೆ ಅತ್ತೆ ಮುಖ ನೋಡಿದಳು, ಒಲೆ ನೋಡಿದಳು.

"ಕೋಳಿ ಸಾರು ಮೇಡಂ. ಬೆಂಕಿ ಅಚ್ಚೋದ್ ಒಂದು ಬಾಕಿ."

ತಾತನ ಭಾಷೆ

ಮಂಗಳವಾರ ಚಾಂಪಿಯನ್ ರೀಫ್ಸಿನಲ್ಲಿ ಗಣಿ ಕೆಲಸದವರಿಗೆ ಕಟ್ಟಿಸಿದ್ದ ಲೈನ್ ಮನೆಗಳ ಕಡೆ ಹೋದೆವು. ನಮ್ಮೂರಿನ ಪಾಲಿಗೆ ಅಲ್ಲಿನ ಒಂದು ಸಾಲೂ ಸೇರಿತ್ತು. ಮೂಲೆ ಮನೇಲಿ ಒಬ್ಬ ತಾತ, ಮೊದಲು ಗಣಿ ಒಳಗೆ ಕೆಲಸ ಮಾಡಿದವನು, ಹಳೇ ಖಾಕಿ ಚಡ್ಡಿ ಹಾಕ್ಕೊಂಡು ಬಾಗಿಲಲ್ಲಿ ಕೂತಿದ್ದ.

"ಏನು ಕೆಲಸ ತಾತ?"

"ಮೈನ್ಸ್."

"ಅದು ಮುಚ್ಚಿ ಎಷ್ಟೋ ವರ್ಷ ಆಯ್ತಲ್ಲ? ರಿಟೈರ್ಡ್ ಅಂತ ಹಾಕ್ತೀನಿ."

"ನಾನೆಲ್ಲಮ್ಮಾ ರಿಟೈರ್ ಆದೆ? ಮೈನ್ಸೇ ರಿಟೈರ್ ಆಗೋಯ್ತು. ನಾನು ರೆಡಿಯಾಗೇ ಇದೀನಿ." ಚಡ್ಡಿ ತೋರಿಸಿದ.

ಮೇಡಂ ಏನು ಒತ್ತಿದರೋ ನನಗೆ ಕಾಣಲಿಲ್ಲ. ಮುಂದಿನ ಪ್ರಶ್ನೆ ಮಾತೃಭಾಷೆ. ತಾತ ತಬ್ಬಿಬ್ಬಾದ. ನಾವು ನಿಂತಿದ್ದ ಹೊತ್ತಲ್ಲೇ ಅವನು ಎದುರು ಮನೆಯವನ ಜೊತೆ ತೆಲುಗಲ್ಲಿ ಜಗಳ ಆಡಿದ್ದ, ನಮ್ಮ ಜೊತೆ ಕನ್ನಡ ಮಾತಾಡಿದ್ದ, ತಮಿಳಲ್ಲಿ ಟೀ ಕೇಳಿದ್ದ, ನಾಯಿಗೆ ಮಾತ್ರ "ಗೆಟೌಟ್ ಮ್ಯಾನ್" ಅಂದಿದ್ದ.

ಕೊನೆಗೆ ಒಳಗೆ ತಿರುಗಿ ಹೆಂಡತಿಗೆ ಕೂಗಿದ, "ಏಮ್ಮೋ, ನಮ್ದು ಯಾವ ಭಾಷೆ ಅಂತ ಕೇಳ್ತಾವ್ರೆ, ಏನು ಏಳ್ಲಿ?"

ಒಳಗಿಂದ ಒಗ್ಗರಣೆ ಸದ್ದಿನ ಜೊತೆ ಅಜ್ಜಿ ಉತ್ತರ ಬಂತು:

"ಯಾರ್ ಜೊತೆ ಮಾತಾಡ್ವಾಗ?"

ಸಂಬಳದ ಗುಟ್ಟು

ನಿಜವಾದ ತೊಂದರೆ ಶುರು ಆಗಿದ್ದು ಮಂಗಳವಾರ ಮಧ್ಯಾಹ್ನ. ಉಳಿದ ಮನೆಗಳಿಗೆಲ್ಲ ಬೀಗ. ನಮ್ಮೂರಲ್ಲಿ ಹಸು ಕರೆದು, ಮುದ್ದೆ ತಿರುವಿಟ್ಟು, ಬೆಳಗಿನ ಟ್ರೈನು ಹಿಡಿದು ಬೆಂಗಳೂರಿಗೆ ಹೋಗೋರೇ ಜಾಸ್ತಿ. ಗಾರೆ ಕೆಲಸ, ಸೆಕ್ಯೂರಿಟಿ, ಹೌಸ್‌ಕೀಪಿಂಗು, ಗಾರ್ಮೆಂಟ್ಸು. ವಾಪಸ್ ಬಂದ ಮೇಲೆ ಕೇಳೋಕೆ ಹೋದರೆ ಅರ್ಧ ಜನ ಊಟದ ತಟ್ಟೆ ಮುಂದೇನೇ ತೂಕಡಿಸ್ತಾ ಇರ್ತಾರೆ, ಇನ್ನರ್ಧ ಜನ "ನಾಳೆ ಬನ್ನಿ ಮೇಡಂ" ಅಂತ ಕೈ ಮುಗೀತಾರೆ.

ಮೇಡಂ ಫೋನಲ್ಲಿ ಮಗಳಿಗೆ ಹೇಳ್ತಾ ಇದ್ದರು: "ನಾನು ಬರದೇ ಹೋದ್ರೆ ತಟ್ಟೆ ನಿಮ್ಮ ದೊಡ್ಡಮ್ಮನ ಕೈಗೆ ಕೊಡಮ್ಮ. ಅಳಬೇಡ." ಹೇಳಿದ್ದು ಅಳಬೇಡ ಅಂತ, ಅಳ್ತಾ ಇದ್ದಿದ್ದು ಅವರೇ.

ಕ್ಲಾಸಲ್ಲಿ ನನ್ನನ್ನು ಅಳಿಸಿದ ಮೇಡಂ ಅಳೋದನ್ನ ನೋಡೋಕೆ ನನಗೆ ಖುಷಿ ಆಗಬೇಕಿತ್ತು. ಆಗಲಿಲ್ಲ. "ಮೇಡಂ, ಮನೇಲಿ ಸಿಗ್ದಿದ್ರೆ ಏನು? ಟ್ರೈನಲ್ಲಿ ಎಲ್ಲೋಗ್ತಾರೆ? ನಡೀರಿ," ಅಂದೆ.

ಬುಧವಾರ ಬೆಳಗ್ಗೆ ಚಾಂಪಿಯನ್ ಸ್ಟೇಷನ್ನಲ್ಲಿ ಹತ್ತಿದೆವು. ಮೇಡಂಗೆ ಗೊತ್ತಿಲ್ಲದ ಒಂದು ವಿಷಯ ಅಂದರೆ ನಮ್ಮೂರವರು ಟ್ರೈನಲ್ಲೂ ಊರಲ್ಲಿದ್ದ ಹಾಗೇ ಕೂರ್ತಾರೆ. ಮೇಲಿನ ಬೀದಿಯವರಿಗೆ ಒಂದು ಬೋಗಿ, ಕೆಳಗಿನ ಬೀದಿಯವರಿಗೆ ಅದರ ಮುಂದಿನದು. ಮೊದಲು ಹತ್ತಿದವರು ಟವೆಲ್ಲು, ಟಿಫನ್ ಡಬ್ಬಿ, ಚಪ್ಪಲಿ ಎಲ್ಲಾ ಹಾಕಿ ಬೀದಿಗೆಲ್ಲ ಜಾಗ ಹಿಡೀತಾರೆ. ಸೈಟಿನ ಜಗಳ ಇರೋರು ಅಲ್ಲೂ ಮುಖ ತಿರುಗಿಸ್ಕೊಂಡೇ ಕೂರ್ತಾರೆ. ಹಾಗಾಗಿ ಕೆಲಸ ಸಲೀಸಾಯ್ತು. ಸೀಟಿಂದ ಸೀಟಿಗೆ ಹೋದರೆ ಮನೆಯಿಂದ ಮನೆಗೆ ಹೋದ ಹಾಗೆ.

"ಮನೇಲಿ ಎಷ್ಟು ರೂಮಣ್ಣಾ?" ಅಂತ ಒಬ್ಬ ಸೆಕ್ಯೂರಿಟಿ ಅಣ್ಣನ್ನ ಕೇಳಿದರು.

"ಎರಡು ಮೇಡಂ. ಮಲಗೋ ರೂಮು ಮಾತ್ರ ಇದೇಯ," ಅಂತ ಲಗೇಜ್ ಇಡೋ ಹಲಗೆ ತೋರಿಸಿದ.

ಕಿಟಕಿ ಪಕ್ಕದ ಗಾರೆ ಕೆಲಸದ ಅಣ್ಣ ಎಲ್ಲಾ ಪ್ರಶ್ನೆಗೂ ಗಟ್ಟಿಯಾಗಿ ಉತ್ತರ ಕೊಟ್ಟ. ಸಂಪಾದನೆ ಎಷ್ಟು ಅಂದಾಗ ಮಾತ್ರ ಎದ್ದು ಬಂದು ಮೇಡಂ ಕಿವೀಲಿ ಹೇಳೋಕೆ ಬಗ್ಗಿದ. ಎದುರು ಸೀಟಲ್ಲಿ ಹೂ ಕಟ್ತಾ ಇದ್ದ ಅವನ ಹೆಂಡತಿ ದಾರ ಹಲ್ಲಲ್ಲಿ ಕಚ್ಚಿಕೊಂಡೇ ಅಂದಳು: "ಜೋರಾಗ್ ಏಳಯ್ಯೋ! ಮದ್ವೆ ಆದಾಗಿಂದ ನಾನೂ ಅದ್ನೇ ಕೇಳ್ತಾ ಇವ್ನಿ."

ಇಡೀ ಬೋಗಿ ಮಾತು ನಿಲ್ಲಿಸಿ ಕಿವಿ ಕೊಟ್ಟಿತು. ಇಸ್ಪೀಟ್ ಆಡೋರು ಕೂಡ ಎಲೆ ಕೆಳಗಿಟ್ಟರು. ಅಣ್ಣ ಟವೆಲ್ಲಲ್ಲಿ ಮುಖ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ:

"ಮೇಡಂ, ಇದು ಮುಂದಿನ ಸ್ಟೇಷನ್ನಲ್ಲಿ ಕೆಳಗಿಳಿದು ಏಳಿದ್ರೆ ನಡೀತದಾ?"

ಊರು ಎಲ್ಲಿ?

ಬುಧವಾರ ಸಂಜೆಗೆ ಊರು ಪೂರ್ತಿ ಮುಗೀತು. ಮೇಡಂ ಮೊದಲನೇ ಸಲ ನನಗೆ ವೆರಿಗುಡ್ ಅಂದರು. ಅದನ್ನು ಇನ್ನೊಂದು ಸಲ ಹೇಳಿಸೋಣ ಅಂತ ನೋಡ್ತಾ ಇದ್ದೆ, ಸಾಹೇಬರ ಫೋನು ಬಂತು. ಮೇಡಂ ಕೈಲಿ ಗಾಡಿಗೆ ಹಾಕೋಕೆ ತಂದ ಪೆಟ್ರೋಲಿನ ಬಾಟ್ಲಿ ಇತ್ತು, ನಾನೇ ಸ್ಪೀಕರ್ ಒತ್ತಿ ಹಿಡಿದೆ.

"ಏನಮ್ಮಾ ಇದು? ನಿಮ್ಮ ಊರು ಮ್ಯಾಪಲ್ಲಿ ನೋಡ್ತಾ ಇದೀನಿ. ಮೇಲಿನ ಬೀದಿ ಟೇಕಲ್ ಹತ್ತಿರ ಇದೆ. ಕೆಳಗಿನ ಬೀದಿ ಮಾಲೂರು ದಾಟಿದೆ. ಮಾರಮ್ಮನ ಗುಡಿ ಎದುರಿನ ಮನೆ ವೈಟ್‌ಫೀಲ್ಡ್ ಪ್ಲಾಟ್‌ಫಾರಂ ಮೇಲಿದೆ!"

ಮೇಡಂ ಮುಖ ಸುಣ್ಣ ಆಯ್ತು. ಮನೆ ವಿಷಯ ತುಂಬಿಸಿ ಒತ್ತಿದ ತಕ್ಷಣ, ಆ ಮನೆ ಎಲ್ಲಿದೆ ಅಂತ ಮೊಬೈಲು ತಾನೇ ಗುರುತು ಹಾಕಿಕೊಳ್ಳುತ್ತೆ. ಬುಧವಾರ ನಾವು ಒತ್ತಿದ್ದೆಲ್ಲ ಟ್ರೈನಲ್ಲಿ.

"ಊರು ಬೆಳೀತಾ ಐತೆ ಸಾ," ಅಂದೆ ನಾನು.

"ಯಾರಮ್ಮ ಅದು ಮಧ್ಯೆ?"

"ನೆಟ್‌ವರ್ಕ್ ಸರ್," ಅಂದರು ಮೇಡಂ, ನನ್ನ ಕಾಲು ತುಳಿದು.

"ನೀವು ಈ ಮನೆಗಳಿಗೆ ಹೋಗೇ ಇಲ್ಲ ಅಂತ ನನಗೆ ಅನುಮಾನ. ನಾಳೆ ನಾನೇ ಬಂದು ನೋಡ್ತೀನಿ. ಸುಳ್ಳಾಗಿದ್ರೆ ರಜೆ ಗಿಜೆ ಮರೆತುಬಿಡಿ, ಮತ್ತೆ ಮೊದಲಿಂದ ಶುರು ಮಾಡಿ."

ಗುರುವಾರ ಮಧ್ಯಾಹ್ನ ಸಾಹೇಬರ ಜೀಪು ಬಂತು. ಮೇಡಂ ಟ್ರೈನಿನ ವಿಷಯ ಹೇಳೋಕೆ ಬಾಯಿ ತೆಗೆದರೆ, "ನೀವು ಸುಮ್ನಿರಿ, ನಾನು ಜನರನ್ನೇ ಕೇಳ್ತೀನಿ" ಅಂದರು. ಆದರೆ ಕೇಳೋಕೆ ಜನ ಬೇಕಲ್ಲ. ಮೊದಲನೇ ಬಾಗಿಲಿಗೆ ಬೀಗ. ಎರಡನೇದಕ್ಕೆ ಬೀಗ. ಮೂರನೇದಕ್ಕೆ ಬೀಗ, ಮೆಟ್ಟಿಲ ಮೇಲೆ ಒಂದು ಬೆಕ್ಕು. ಬೀದಿ ಕೊನೆಯ ಜಗುಲಿ ಮೇಲೆ ಒಬ್ಬ ಅಜ್ಜಿ ಮೊರದ ತುಂಬಾ ಅವರೆಕಾಯಿ ಬಿಡಿಸ್ತಾ ಕೂತಿದ್ದಳು. ನಾನು ಅವಳಿಗೆ ಕಣ್ಣು ಮಿಟುಕಿಸೋಕೆ ಹೋದೆ. ಅವಳು ನೋಡಲೇ ಇಲ್ಲ.

"ಅಜ್ಜಿ, ಈ ಮನೆಯವರು ಎಲ್ಲಿ?"

"ಟ್ರೈನು."

"ಆ ಮನೆಯವರು?"

"ಟ್ರೈನು."

"ಅದರ ಪಕ್ಕದವರು?"

"ಅವ್ರೂ ಟ್ರೈನೇ ಸಾ. ಆದ್ರೆ ಇವ್ರಿಗೂ ಅವ್ರಿಗೂ ಚರಂಡಿ ಜಗಳ, ಬೇರೆ ಬೋಗಿ."

ಸಾಹೇಬರು ತಲೆ ಕೆರೆದುಕೊಂಡರು. "ಹಾಗಾದ್ರೆ ಊರು ಎಲ್ಲಜ್ಜಿ?"

"ಊರು ಟ್ರೈನಲ್ಲಿ ಓಗೈತೆ ಸಾ. ಸಾಯಂಕಾಲ ಬತ್ತದೆ. ಕೂತ್ಕೊಳಿ, ಸುಮ್ಕೆ ಯಾಕೆ, ಅಂಗೇ ನಾಕ್ ಕಾಯಿ ಬಿಡ್ಸಿ."

ಅಜ್ಜಿ ಹೇಳಿದ ಮೇಲೆ ಸಾಹೇಬರಾದರೇನು? ಕೂತರು. ಒಂದು ಕೈಲಿ ಕಾಯಿ, ಇನ್ನೊಂದು ಕೈಲಿ ಮೊಬೈಲು. ಮ್ಯಾಪ್ ನೋಡ್ತಾ ಒಂದೊಂದೇ ಕೇಳೋಕೆ ಶುರು ಮಾಡಿದರು.

"ಗುಡಿ ಎದುರು ಮನೆಯವನು ಎಲ್ಲಿ ಇಳೀತಾನೆ?"

"ವೈಟ್‌ಫೀಲ್ಡು."

ಸಾಹೇಬರು ಮೊಬೈಲ್ ನೋಡಿದರು. ಚುಕ್ಕಿ ಅಲ್ಲೇ ಇತ್ತು.

"ಕೆಳಗಿನ ಬೀದಿ ಮೊದಲನೇ ಮನೆ?"

"ಅವ್ನು ಮಾಲೂರಲ್ಲೇ ಇಳಿಬೇಕು ಸಾ, ಇಸ್ಪೀಟ್ ಆಟ ಮುಗ್ದಿಲ್ಲ ಅಂದ್ರೆ ಮುಂದಕ್ಕೋಗ್ಬಿಡ್ತಾನೆ."

ಚುಕ್ಕಿ ಮಾಲೂರು ದಾಟಿ ಸ್ವಲ್ಪ ಮುಂದಿತ್ತು. ಸಾಹೇಬರಿಗೆ ನಗು ತಡೆಯೋಕೆ ಆಗಲಿಲ್ಲ. ಬಿಡಿಸಿದ ಕಾಳು ಮೊರಕ್ಕೆ ಹಾಕಿ, ಮೊಬೈಲಲ್ಲಿ ಏನೋ ಒತ್ತಿ, ಮೇಡಂ ಕಡೆ ತಿರುಗಿದರು. "ಎಲ್ಲಾ ಸರಿಯಾಗಿದೆಯಮ್ಮ. ನಾಳೆ ಹೋಗಿ ಮಗಳ ತಟ್ಟೆ ಬದಲಾಯಿಸಿ. ಅಲ್ಲಿ ಬೀಗರನ್ನೂ ಹೀಗೆ ಟ್ರೈನ್ ಹತ್ತಿಸಬೇಡಿ."

ಮೇಡಂ ಕಣ್ಣು ಒರೆಸಿಕೊಂಡರು. ನನ್ನ ತಲೆ ಮೇಲೆ ಕೈ ಇಟ್ಟರು, ಹೊಡೆಯೋಕಲ್ಲ. ಸಾಹೇಬರು ಎದ್ದು ಪ್ಯಾಂಟಿನ ಮೇಲಿನ ಸಿಪ್ಪೆ ಕೊಡವಿ ಜೀಪಿನ ಕಡೆ ಹೊರಟರು. ಅಷ್ಟರಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದ ಸೊಸೆಯಿಂದ ಅಜ್ಜಿಗೆ ಫೋನು ಬಂತು. ಅಜ್ಜಿ ಕೇಳಿಸಿಕೊಂಡು, ಫೋನು ಸೊಂಟಕ್ಕೆ ಸಿಕ್ಕಿಸಿ, ಹಿಂದಿನಿಂದ ಕೂಗಿದಳು:

"ಯಾಕ್ ಸಾ, ಒಂಟೇ ಬಿಟ್ರಾ? ಇನ್ನೊಂದ್ ಮೊರ ಕಾಯಿ ತತ್ತೀನಿ ಕೂತ್ಕೊಳಿ. ಇವತ್ತು ಊರು ಬರೋದು ಲೇಟಂತೆ!"