ಡೈನಮೈಟ್ ಮೇಲೆ ಅತ್ತಿಗೆ

ನಮ್ಮ ಅತ್ತಿಗೆಯಷ್ಟು ಹೆದರುವವರು ನ್ಯೂಜೆರ್ಸಿಯಲ್ಲೇ ಇಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನ್ಯೂಯಾರ್ಕನ್ನೂ ಸೇರಿಸಿಕೊಳ್ಳಿ ಅನ್ನಿ!

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಬಾಸ್ಕಿಂಗ್ ರಿಡ್ಜ್‌ನಲ್ಲಿ ಒಬ್ಬರೇ ಇದ್ದಾರೆ. ಅಲ್ಲೇ ಒಂದು ದೊಡ್ಡ ಕಂಪನಿಯ ರಿಸ್ಕ್ ವಿಭಾಗದಲ್ಲಿ ಕೆಲಸ. ಯಾವುದು, ಎಲ್ಲಿ, ಹೇಗೆ ಕೆಡಬಹುದು ಎಂದು ದಿನವಿಡೀ ಯೋಚಿಸುವುದೇ ಅವರ ಉದ್ಯೋಗ. ಬೇರೆಯವರು ಆಫೀಸಿನಿಂದ ಲ್ಯಾಪ್‌ಟಾಪ್ ಮನೆಗೆ ತರುತ್ತಾರೆ, ಇವರು ಭಯವನ್ನೂ ತರುತ್ತಾರೆ. ಮೈಕ್ರೋವೇವ್ ಆನ್ ಮಾಡಿದ ತಕ್ಷಣ ಪಕ್ಕದ ಕೋಣೆಗೆ ಓಡುತ್ತಾರೆ. ಫೋರ್ಟ್ ಲೀಯ ಇಪ್ಪತ್ತೆರಡನೇ ಮಹಡಿಯಲ್ಲಿ ನಮ್ಮ ನೆಂಟರ ಮನೆಯಿದೆ. ಎಲ್ಲರೂ ಕಿಟಕಿಗೆ ಮೂಗು ಒತ್ತಿ ನದಿಯ ಮೇಲಿನ ಸೇತುವೆ ನೋಡುತ್ತಿದ್ದರೆ, ಅತ್ತಿಗೆ ಬಾಗಿಲ ಹತ್ತಿರ ಚಪ್ಪಲಿ ಗೂಡಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ.

“ಬಿಲ್ಡಿಂಗು ವಾಲ್ತಾ ಇದೆ ಕಣೇ, ನಿಂಗೆ ಗೊತ್ತಾಗ್ತಿಲ್ವಾ?” ಎಂದರು ಒಮ್ಮೆ.

ನಾನು ನಕ್ಕೆ. ಐದು ನಿಮಿಷ ಕಳೆಯಿತು. ಆಮೇಲೆ ನಾನೂ ಒಂದು ಕುರ್ಚಿ ಎಳೆದುಕೊಂಡು ಚಪ್ಪಲಿ ಗೂಡಿನ ಪಕ್ಕ ಕೂತೆ! ಅವರ ಭಯ ನೆಗಡಿಯಂತೆ, ಹತ್ತಿರ ಇದ್ದವರಿಗೆಲ್ಲ ಅಂಟುತ್ತದೆ.

ಇಂಥವರು ಹೋದ ಬೇಸಗೆಯಲ್ಲಿ ಒಂದು ಬೆಳಗ್ಗೆ, ಮಾನ್ಮತ್ ಜಂಕ್ಷನ್‌ನಲ್ಲಿರುವ ನಮ್ಮ ಮನೆಗೆ ಫೋನ್ ಮಾಡಿದರು.

“ಅಪ್‌ಸ್ಟೇಟ್ ನ್ಯೂಯಾರ್ಕ್‌ನಲ್ಲಿ ಒಂದು ಕೌಬಾಯ್ ರಾಂಚ್ ಇದೆ. ವೀಕೆಂಡ್‌ಗೆ ಬುಕ್ ಮಾಡ್ಬಿಟ್ಟಿದೀನಿ. ನೀನೂ ಬರ್ತಿದೀಯ.”

“ಅತ್ತಿಗೆ, ಅಲ್ಲಿ ಕುದುರೆ ಇರುತ್ತೆ.”

“ಗೊತ್ತು. ಅದಕ್ಕೇ ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡಿಲ್ಲ.”

ಭಯವಿದ್ದವರು ಬುಕ್ ಯಾಕೆ ಮಾಡಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಅಷ್ಟರಲ್ಲಿ ಫೋನ್ ಇಟ್ಟಿದ್ದರು. ನನ್ನ ಗಂಡನಂತೂ ಅಕ್ಕನ ಪ್ರವಾಸ ಎಂದು ಕೇಳಿದೊಡನೆ ಬೆನ್ನುನೋವು ಬರಿಸಿಕೊಂಡ. ಹಾಗಾಗಿ ನಾವಿಬ್ಬರೇ ಹೊರಟೆವು. ಎರಡೂವರೆ ಗಂಟೆಯ ದಾರಿಯನ್ನು ಅತ್ತಿಗೆ ನಿಧಾನದವರ ಬಲಗಡೆಯ ಲೇನ್ ಬಿಡದೆ ನಾಲ್ಕು ಗಂಟೆಯಲ್ಲಿ ಡ್ರೈವ್ ಮಾಡಿದರು. ಲಾರಿಗಳು ಹಾರ್ನ್ ಹೊಡೆದಾಗಲೆಲ್ಲ “ಸಾರಿ, ಸಾರಿ” ಎಂದು ಕನ್ನಡಿಗೆ ಹೇಳುತ್ತಿದ್ದರು.

ರಾಂಚ್ ಎಂದರೆ ಬೆಟ್ಟದ ತಪ್ಪಲಲ್ಲಿ ಮರದ ಬೇಲಿ, ಧೂಳು, ಚರ್ಮದ ವಾಸನೆ, ಲದ್ದಿಯ ವಾಸನೆ. ನಮ್ಮನ್ನು ಎದುರುಗೊಂಡದ್ದು ಅರವತ್ತು ದಾಟಿದ ಒಬ್ಬ ಹೆಂಗಸು. ಬೆಳ್ಳಿ ಜಡೆ, ಅಗಲ ಹ್ಯಾಟು, ಮಂಡಿಯವರೆಗೆ ಬೂಟು. ಎರಡು ದಿನ ನಮಗೆ ಕೌಬಾಯ್ ಬದುಕು ಕಲಿಸುವವರು ಇವರೇ ಅಂತೆ!

ಮೊದಲು ಒಂದು ಫಾರ್ಮ್ ಕೊಟ್ಟರು. ಬಿದ್ದರೆ, ಒದೆಸಿಕೊಂಡರೆ, ಕಚ್ಚಿಸಿಕೊಂಡರೆ, ಸತ್ತರೆ ರಾಂಚ್‌ನವರು ಹೊಣೆಯಲ್ಲ ಎಂದು ನಾಲ್ಕು ಪುಟ. ಜನ ನೋಡದೆ ಸಹಿ ಹಾಕುತ್ತಾರೆ. ಅತ್ತಿಗೆ ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು. ನಮ್ಮ ಹಿಂದೆ ಸರದಿಯಲ್ಲಿದ್ದ ಒಂದು ಸಂಸಾರ ಎರಡನೇ ಪುಟದವರೆಗೆ ಕೇಳಿಸಿಕೊಂಡು, ಸದ್ದಿಲ್ಲದೆ ಕಾರಿಗೆ ವಾಪಸಾಯಿತು. ಎಲ್ಲ ಮುಗಿದ ಮೇಲೆ ಅತ್ತಿಗೆ ಕೌಂಟರ್ ಮೇಲೆ ಬೆರಳಿಟ್ಟು, “ಇದರಲ್ಲಿ ಜೇನುನೊಣ ಬಿಟ್ಟುಹೋಗಿದೆ” ಎಂದು ಇಂಗ್ಲಿಷಿನಲ್ಲಿ ಆಕ್ಷೇಪಿಸಿದರು. ಬೆಳ್ಳಿ ಜಡೆಯಾಕೆ ಮುಖ ನೋಡಿದರು, ಪೆನ್ನು ತೆಗೆದರು, ಜೇನುನೊಣ ಸೇರಿಸಿದರು. ಅತ್ತಿಗೆ ಸಮಾಧಾನದಿಂದ ಸಹಿ ಹಾಕಿದರು!

ಆಮೇಲೆ ಹಗ್ಗ ಎಸೆಯುವ ಪಾಠ. ಹತ್ತು ಅಡಿ ದೂರದಲ್ಲಿ ಮರದ ಕರು. ಕುಣಿಕೆಯನ್ನು ತಲೆಯ ಮೇಲೆ ಸುತ್ತಿಸಿ ಅದರ ಕೊರಳಿಗೆ ಬೀಳಿಸಬೇಕು. ಅತ್ತಿಗೆ ಕಣ್ಣು ಮುಚ್ಚಿ ಎಸೆದರು. ಕಣ್ಣು ಬಿಟ್ಟಾಗ ಕರು ತನ್ನ ಪಾಡಿಗೆ ನಿಂತಿತ್ತು, ಅತ್ತಿಗೆಯ ತೋಳೆರಡೂ ಕುಣಿಕೆಯೊಳಗಿದ್ದವು. “ಬಿಚ್ಚೇ, ಬೇಗ ಬಿಚ್ಚೇ!” ಎಂದು ಕೂಗಿಕೊಂಡರು. ನಕ್ಕು ನಕ್ಕು ನನ್ನ ಕೈಯಲ್ಲಿ ಗಂಟು ಬಿಚ್ಚಲೇ ಆಗಲಿಲ್ಲ.

ಕೊನೆಗೆ ಕುದುರೆಗಳು ಬಂದವು. ನನ್ನದು ಕಂದು ಬಣ್ಣದ್ದು, ಹೆಸರು ಬಿಸ್ಕೆಟ್. ಅತ್ತಿಗೆಗೆ ತಂದ ಬೂದು ಕುದುರೆಯ ಹೆಸರು ಡೈನಮೈಟ್.

“ಹೆದರಬೇಡಿ ಮ್ಯಾಮ್, ಅದು ಮರಿಯಾಗಿದ್ದಾಗ ಇಟ್ಟ ಹೆಸರು. ಈಗ ಅವನಿಗೆ ಇಪ್ಪತ್ತೆರಡು ವರ್ಷ” ಎಂದರು ಬೆಳ್ಳಿ ಜಡೆಯಾಕೆ.

ಅತ್ತಿಗೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: “ಹಳೇ ಡೈನಮೈಟೇ ಜಾಸ್ತಿ ಡೇಂಜರ್ ಕಣೇ. ಮುಟ್ಟಿದ್ರೆ ಸಾಕು.”

ಆದರೂ ಹತ್ತಿದರು. ಜೀನಿನ ಮುಂದೆ ಹಿಡಿಯಂತೆ ಎದ್ದಿರುವ ಕೊಂಬನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು, ತುಟಿ ಅಲುಗಿಸುತ್ತಾ ಏನೋ ಜಪಿಸುತ್ತಾ ಕೂತರು. ಮುಂದೆ ಬೆಳ್ಳಿ ಜಡೆಯಾಕೆ, ನಡುವೆ ನಾನು, ಹಿಂದೆ ಅತ್ತಿಗೆ. ಕಾಡಿನೊಳಗೆ ದಾರಿ ಕಿರಿದಾಯಿತು. ಎಡಕ್ಕೆ ಬಂಡೆ, ಬಲಕ್ಕೆ ಇಳಿಜಾರು. ಕೆಳಗೆಲ್ಲೋ ನೀರಿನ ಸದ್ದು ಕೇಳುತ್ತಿತ್ತು, ನೀರು ಮಾತ್ರ ಕಾಣುತ್ತಿರಲಿಲ್ಲ. ಕುದುರೆಯ ಬೆನ್ನು ಅಷ್ಟು ಎತ್ತರ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಿಸ್ಕೆಟ್‌ನ ಗೊರಸು ಕಲ್ಲಿನ ಮೇಲೆ ಜಾರಿದಾಗಲೆಲ್ಲ ನಾನು ಲಗಾಮನ್ನು ಇನ್ನಷ್ಟು ಬಿಗಿ ಹಿಡಿಯುತ್ತಿದ್ದೆ. ಆದರೆ ಹೆದರುವ ಪಾತ್ರ ಅತ್ತಿಗೆಯದಲ್ಲವೇ? ನಾನು ಹಿಂದಿರುಗಿ ನೋಡಿ ನಗುತ್ತಲೇ ಇದ್ದೆ.

ಇದ್ದಕ್ಕಿದ್ದಂತೆ ಪೊದೆಯಿಂದ ನಾಲ್ಕೈದು ಕಾಡು ಟರ್ಕಿಕೋಳಿಗಳು ಪಟಪಟನೆ ಎದ್ದವು. ಬಿಸ್ಕೆಟ್ ಗಿರ್ರನೆ ತಿರುಗಿತು. ಅತ್ತಿಗೆಯ ಮೊಣಕಾಲಿಗೆ ಉಜ್ಜಿಕೊಂಡೇ ದಾಟಿ, ಬಂದ ದಾರಿಯಲ್ಲಿ ಓಟ ಕಿತ್ತಿತು. ಕೊಂಬೆಗಳು ಮುಖಕ್ಕೆ ಬಡಿದವು. ಪಾದ ತೂರಿಸುವ ರಿಕಾಪಿನಿಂದ ಒಂದು ಕಾಲು ಕಳಚಿತು. ಲಗಾಮನ್ನು ಎರಡೂ ಕೈಯಲ್ಲಿ ಜಗ್ಗಿದೆ. ಜಗ್ಗಿದಷ್ಟೂ ಅದು ಜೋರಾಯಿತು. ಬಲಗಡೆಯ ಇಳಿಜಾರು ಈಗ ಎಡಗಡೆ ಇತ್ತು, ಬಹಳ ಹತ್ತಿರ ಇತ್ತು. ಮುಗಿಯಿತು ಅಂದುಕೊಂಡೆ.

ಆಗ ಹಿಂದಿನಿಂದ ಕನ್ನಡ ಕೇಳಿಸಿತು.

“ಎರಡೂ ಕೈಯಲ್ಲಿ ಎಳೀಬೇಡ ಕಣೇ! ಬಲಗೈ ಒಂದೇ! ಮೊಣಕಾಲಿಗೆ ತಾಗೋ ಹಾಗೆ ಎಳಿ! ಬಿಡಬೇಡ, ಎಳಿ!”

ಎಳೆದೆ. ಬಿಸ್ಕೆಟ್‌ನ ಕತ್ತು ಬಂಡೆಯ ಕಡೆಗೆ ಬಾಗಿತು. ಒಂದು ಸುತ್ತು ಸುತ್ತಿತು, ಅರ್ಧ ಸುತ್ತು, ಬುಸುಗುಡುತ್ತಾ ನಿಂತಿತು. ತಿರುಗಿ ನೋಡಿದರೆ ಅತ್ತಿಗೆ ಆ ಕಲ್ಲುದಾರಿಯಲ್ಲಿ ಹ್ಯಾಟಿಲ್ಲದೆ, ಕನ್ನಡಕವಿಲ್ಲದೆ ಓಡಿ ಬರುತ್ತಿದ್ದಾರೆ. ಡೈನಮೈಟ್‌ನಿಂದ ಹೇಗೆ ಇಳಿದರೋ ಅವರಿಗೇ ಗೊತ್ತಿಲ್ಲ. ಓಡುವ ಕುದುರೆಯನ್ನು ನಿಲ್ಲಿಸುವ ವಿಡಿಯೋಗಳನ್ನು ಮೂರು ವಾರದಿಂದ ನೋಡುತ್ತಿದ್ದರಂತೆ.

ನನ್ನ ಕೈ ಜೀನಿನ ಕೊಂಬಿಗೆ ಅಂಟಿಕೊಂಡಿತ್ತು. ಅಳು ಬಂತು, ಅದರ ಜೊತೆಗೆ ಸಿಟ್ಟೂ ಬಂತು.

“ಇಷ್ಟು ಹೆದರೋರಿಗೆ ಇದೆಲ್ಲ ಯಾಕೆ ಬೇಕಿತ್ತು ಅತ್ತಿಗೆ?”

ಅವರು ಏದುಸಿರು ಬಿಡುತ್ತಾ ನನ್ನ ಕಳಚಿದ ಪಾದವನ್ನು ಹಿಡಿದು ರಿಕಾಪಿಗೆ ಸೇರಿಸಿದರು.

“ನಂಗೆಲ್ಲಿ ಬೇಕಿತ್ತೇ? ಯುಗಾದಿ ದಿನ ಪಾತ್ರೆ ತೊಳೀತಾ ನೀನೇ ಅಂದ್ಯಲ್ಲ, ಸಾಯೋದ್ರೊಳಗೆ ಒಂದ್ಸಲ ಕುದುರೆ ಹತ್ತಬೇಕು ಅಂತ. ನೀನು ಒಬ್ಬಳೇ ಎಲ್ಲಾದ್ರೂ ಹೋಗ್ಬಿಟ್ರೆ?”

ನಾನು ಹಾಗೆ ಅಂದದ್ದು ನನಗೇ ನೆನಪಿರಲಿಲ್ಲ. ನಲ್ಲಿಯ ಸದ್ದಿನಲ್ಲಿ ಯಾರಿಗೆ ಹೇಳಿದೆನೋ, ಹೇಳಿದೆನೋ ಇಲ್ಲವೋ!

ಬೆಳ್ಳಿ ಜಡೆಯಾಕೆ ಬಂದು ಎರಡೂ ಕುದುರೆಗಳಿಗೆ ಹಗ್ಗ ಹಾಕಿ ಮುನ್ನಡೆಸಿದರು. ಅತ್ತಿಗೆ ಮತ್ತೆ ಹತ್ತಲಿಲ್ಲ. ರಾಂಚ್‌ನವರೆಗೂ ನನ್ನ ಬೂಟನ್ನು ಹಿಡಿದುಕೊಂಡು, ಬಿಸ್ಕೆಟ್‌ನ ಪಕ್ಕ, ಇಳಿಜಾರಿನ ಅಂಚಿನಲ್ಲೇ ನಡೆದರು.

“ಅಷ್ಟು ಹತ್ತಿರ ನಡೀಬೇಡಿ ಮ್ಯಾಮ್, ಕುದುರೆ ಕಾಲು ತುಳಿದೀತು” ಎಂದು ಬೆಳ್ಳಿ ಜಡೆಯಾಕೆ ಎರಡು ಸಲ ಎಚ್ಚರಿಸಿದರು.

ಅತ್ತಿಗೆ ಎರಡು ಸಲವೂ ತಲೆಯಾಡಿಸಿದರು. ಕೈ ಮಾತ್ರ ತೆಗೆಯಲಿಲ್ಲ.