ಅಟ್ಟ ಮೇಲೆ ಉರಿದ ಒಲೆಗೆ ಇನ್ನೊಂದು ಪಾತ್ರೆ

ನಮ್ಮ ದೊಡ್ಡಮ್ಮನಷ್ಟು ತಪ್ಪು ಮಾಡಿದವರು ಇಡೀ ಕೊಲ್ಕತ್ತದಲ್ಲಿ ಇನ್ನೊಬ್ಬರಿರಲಾರರು ಎಂದು ನಾನು ಹೇಳಿದರೆ ನೀವು ನನ್ನನ್ನು ಉಂಡ ಮನೆಗೆ ಎರಡು ಬಗೆಯುವವಳು ಎಂದೀರಿ. ಆದರೆ ಇದು ನನ್ನ ಮಾತಲ್ಲ, ಅವಳದೇ ಮಾತು! ಬೆಳಿಗ್ಗೆ ಹಾಸಿಗೆ ಮಡಿಸುವಾಗಲೇ ಶುರು: "ನಾನು ಒಂದು ತಪ್ಪು ಮಾಡ್ಬಿಟ್ಟೆ ಕಣೇ." ಬೇರೆಯವರು ಇದನ್ನು ತಲೆ ತಗ್ಗಿಸಿ ಹೇಳುತ್ತಾರೆ. ದೊಡ್ಡಮ್ಮ ಹೇಳುವಾಗ ಅವಳ ಮುಖ ನೋಡಬೇಕಿತ್ತು, ಲಾಟರಿ ಹೊಡೆದವರ ಹಾಗೆ! ತಪ್ಪು ಸಿಕ್ಕಿತು ಎಂದರೆ ಆ ದಿನಕ್ಕೆ ಕೆಲಸ ಸಿಕ್ಕಿತು ಎಂದು ಅರ್ಥ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮ ಕಡೆ ಗಾದೆಯಿದೆಯಲ್ಲ, ಅದನ್ನು ಯಾರಾದರೂ ಅವಳೆದುರು ಹೇಳಿದರೆ ಕೆಟ್ಟರು. "ಅಡುಗೆ ಮುಗಿದ ಮೇಲೆ ಒಲೆ ಚೆನ್ನಾಗಿ ಉರಿದ್ರೆ ಅಳೋದ್ಯಾಕೆ? ಇನ್ನೊಂದು ಪಾತ್ರೆ ಇಡಬೇಕಪ್ಪ!" ಎನ್ನುತ್ತಿದ್ದಳು. ಮಾಡಿದ್ದು ತಪ್ಪು ಎಂದು ಗೊತ್ತಾದರೆ ಕೊರಗುವುದಲ್ಲ, ಹೋಗಿ ಸರಿ ಮಾಡಿ ಬರುವುದು. ಇದು ಅವಳ ಧರ್ಮ. ಈ ಧರ್ಮದಿಂದ ಅಕ್ಕಪಕ್ಕದವರಿಗೆ ಆದ ತೊಂದರೆ ಒಂದೆರಡಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮೈಸೂರಿನವಳು, ಹೌರಾದಲ್ಲಿ ರೈಲ್ವೆ ಆಫೀಸಿನ ಕೆಲಸ, ಮದುವೆಯಾಗಿರಲಿಲ್ಲ. ಲೇಕ್ ಮಾರ್ಕೆಟ್ಟಿನ ಹತ್ತಿರ ಒಂದು ಹಳೆಯ ಮನೆಯ ಮಹಡಿಯಲ್ಲಿ ನಾವಿಬ್ಬರೇ ಇದ್ದೆವು. ಈಗ ನಾನೊಬ್ಬಳೇ ಇದ್ದೇನೆ. ಮನೆಯಲ್ಲಿ ತಪ್ಪು ಮಾಡುವವರು ಯಾರೂ ಇಲ್ಲದೆ ಬಹಳ ನಿಶ್ಶಬ್ದವಾಗಿದೆ.

ಮೊದಲು ಸ್ವೆಟರಿನ ಕಥೆ ಹೇಳುತ್ತೇನೆ. ಕೊಲ್ಕತ್ತದ ಚಳಿ ಎಂದರೆ ಬೆರಳು ತೋರಿಸಿದರೆ ಓಡಿಹೋಗುವಷ್ಟು. ಆದರೆ ಇಲ್ಲಿಯವರು ಅದಕ್ಕೆ ಮಾಡಿಕೊಳ್ಳುವ ಸಿದ್ಧತೆ ಹಿಮಾಲಯ ಹತ್ತುವವರದು! ತಲೆ, ಕಿವಿ, ಗದ್ದ ಎಲ್ಲ ಮುಚ್ಚುವ ಮಂಕಿ ಟೋಪಿ, ಮಫ್ಲರು, ಸ್ವೆಟರು. ಕೆಳಗಿನ ಮನೆಯ ಬಂಗಾಳಿ ದಾದಾನಿಗೆ ದೊಡ್ಡಮ್ಮ ಒಂದು ಸ್ವೆಟರ್ ಹೆಣೆದುಕೊಟ್ಟಿದ್ದಳು. ಒಂದು ಬೆಳಿಗ್ಗೆ ದಾದಾ ಅದನ್ನು ಹಾಕಿಕೊಂಡು ಮೀನಿನ ಚೀಲ ಹಿಡಿದು ಮಾರುಕಟ್ಟೆಯಲ್ಲಿ ನಿಂತಿದ್ದರು. ನಾವು ಬೀದಿಯ ಈಚೆ ಬದಿಯಲ್ಲಿದ್ದೆವು. ದೊಡ್ಡಮ್ಮ ಥಟ್ಟನೆ ನಿಂತಳು. "ನಾನು ಒಂದು ತಪ್ಪು ಮಾಡ್ಬಿಟ್ಟೆ ಕಣೇ" ಎಂದವಳೇ ಟ್ರಾಮಿನ ಹಳಿ ದಾಟಿ ಅವರೆದುರು ಹೋಗಿ ನಿಂತಳು.

"ದಾದಾ, ಸ್ವಲ್ಪ ಕೈ ಎತ್ತಿ."

ಮೈಮೇಲೆ ಹಲ್ಲಿಯೋ ಹುಳವೋ ಬಿದ್ದಿರಬೇಕೆಂದು ಆ ಬಡಪಾಯಿ ಮೀನಿನ ಚೀಲದ ಸಮೇತ ಎರಡೂ ಕೈ ಎತ್ತಿದರು. ಅಷ್ಟೇ, ಸ್ವೆಟರ್ ದೊಡ್ಡಮ್ಮನ ಕೈಯಲ್ಲಿತ್ತು!

"ಕಂಕುಳ ಹತ್ತಿರ ಹೆಣಿಗೆ ತಪ್ಪಿದೆ. ಬಿಚ್ಚಿ ಹಾಕ್ಕೊಡ್ತೀನಿ."

"ಆದರೆ ಅದು ಕಾಣಿಸುವುದೇ ಇಲ್ಲವಲ್ಲ ದಿದಿ!"

"ನಿಮಗೆ ಕಾಣ್ಸಲ್ಲ. ನನಗೆ ರಸ್ತೆ ಆಚೆಯಿಂದ ಕಾಣ್ತು."

ಸ್ವೆಟರ್ ಸರಿಯಾಗಿ ದಾದಾನ ಕೈ ಸೇರುವಾಗ ಫ್ಯಾನ್ ಹಾಕಿಕೊಳ್ಳುವ ಕಾಲ ಬಂದಿತ್ತು. ಮುಂದಿನ ಚಳಿಗಾಲವೆಲ್ಲ ಅವರು ನಮ್ಮನ್ನು ಕಂಡರೆ ಆಚೆ ಫುಟ್‌ಪಾತಿಗೆ ಹೋಗುತ್ತಿದ್ದರು.

ಇನ್ನು ನನ್ನ ವಿಷಯ. ಅಪ್ಪ ಮೊದಲೇ ಹೋಗಿದ್ದರು. ಅಮ್ಮನೂ ತೀರಿಕೊಂಡ ಮೇಲೆ ಮೈಸೂರಿನಲ್ಲಿ ನೆಂಟರ ಮನೆಯಲ್ಲಿದ್ದ ನನ್ನನ್ನು ಕರೆತಂದು ಸಾಕಿದವಳು ದೊಡ್ಡಮ್ಮ. ಆಗ ಅವಳಿಗೊಂದು ಮದುವೆ ಹೆಚ್ಚುಕಡಿಮೆ ಗೊತ್ತಾಗಿತ್ತಂತೆ. ಮಗುವಿನ ಜೊತೆ ಹೆಣ್ಣು ಬೇಡ ಎಂದು ಗಂಡಿನ ಕಡೆಯವರು ಹೇಳಿದ್ದಕ್ಕೆ ಅದನ್ನು ಬಿಟ್ಟಳಂತೆ. ಆಮೇಲೆ ಇಲಾಖೆಯ ಪರೀಕ್ಷೆ ಪಾಸಾಗಿ ಆಫೀಸರ್ ಆಗುವ ಹೊತ್ತಿಗೆ ವರ್ಗಾವಣೆ ಎಂದರು. ನನ್ನ ಓದು ಅರ್ಧದಲ್ಲಿದೆ ಎಂದು ಅದನ್ನೂ ಬಿಟ್ಟಳಂತೆ. ಇದೆಲ್ಲ ಅವಳು ಹೇಳಿದ್ದಲ್ಲ. ಊರಿನವರು ಹೇಳಿದ್ದು. ಇಂಥದ್ದನ್ನು ಹೇಳಲು ಊರಿನವರಿಗೆ ಎಷ್ಟು ಉತ್ಸಾಹ!

ಇಷ್ಟೆಲ್ಲ ಬಿಟ್ಟು ಬೆಳೆಸಿದ ಹುಡುಗಿ ಏನಾಗಬೇಕು? ಕನಿಷ್ಠಪಕ್ಷ ಸಾಫ್ಟ್‌ವೇರ್ ಇಂಜಿನಿಯರ್! ಆ ಕಾಲವೇ ಹಾಗಿತ್ತು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ನೋಡುನೋಡುತ್ತಿದ್ದಂತೆ ಗಾಜಿನ ಕಟ್ಟಡಗಳು ಎದ್ದಿದ್ದವು. ನಮ್ಮ ಪರಿಚಯದ ಕನ್ನಡದ ಮನೆಗಳ ಮಕ್ಕಳೆಲ್ಲ ಕುತ್ತಿಗೆಗೆ ಬಿಲ್ಲೆ ನೇತುಹಾಕಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ನಾನು ಬಿ.ಎ. ಮುಗಿಸಿ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾದೆ. ಕುತ್ತಿಗೆಗೆ ಬಿಲ್ಲೆ ಇಲ್ಲ, ಕೈಯಲ್ಲಿ ಬೀಗದ ಕೈ ಗೊಂಚಲು.

ಒಂದು ಯುಗಾದಿ. ಕನ್ನಡದವರೆಲ್ಲ ಸೇರಿ ಊಟ. ನಮ್ಮೆದುರು ಕೂತಿದ್ದ ಒಬ್ಬಾಕೆ, ಮಗಳನ್ನು ಸೆಕ್ಟರ್ ಫೈವ್‌ಗೆ ಕಳಿಸಿದ ಹೆಮ್ಮೆಯಲ್ಲಿದ್ದವರು, ದೊಡ್ಡಮ್ಮನನ್ನು ಕೇಳಿಯೇಬಿಟ್ಟರು. "ಏನ್ರೀ, ಈ ಹುಡುಗಿಗೋಸ್ಕರ ಅಷ್ಟೆಲ್ಲ ಬಿಟ್ರಲ್ಲ, ಈಗ ಹಿಂದಕ್ಕೆ ತಿರುಗಿ ನೋಡಿದ್ರೆ ಏನನ್ಸತ್ತೆ? ಬೇರೆ ಥರ ಮಾಡಬೇಕಿತ್ತು ಅನ್ಸಲ್ವಾ?"

ನಾನು ಎಲೆ ನೋಡುತ್ತ ಕೂತೆ. ದೊಡ್ಡಮ್ಮ ಬಾಯಿ ತೆರೆದಳು. ಮುಚ್ಚಿದಳು. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ಸುಮ್ಮನಾದಳು. ಯಾರಿಗೂ ಉತ್ತರ ಬಾಕಿ ಉಳಿಸದ ಹೆಂಗಸು ಸುಮ್ಮನಾದಳು!

ಅಂದಿನಿಂದ ನನಗೆ ಒಂದೇ ಯೋಚನೆ. ಇವಳು ಎಲ್ಲ ತಪ್ಪನ್ನೂ ಡಂಗುರ ಹೊಡೆದು ಹೇಳುತ್ತಾಳೆ. ನನ್ನೊಬ್ಬಳ ವಿಷಯದಲ್ಲಿ ಮಾತ್ರ ಹೇಳುತ್ತಿಲ್ಲ. ಎಂದರೆ ಅಲ್ಲೇ ಏನೋ ಇದೆ. ಬೆಳಿಗ್ಗೆ ಅವಳು "ನಾನು ಒಂದು ತಪ್ಪು ಮಾಡ್ಬಿಟ್ಟೆ ಕಣೇ" ಎಂದಾಗಲೆಲ್ಲ ಇವತ್ತು ಬಂತು ಎಂದುಕೊಳ್ಳುತ್ತಿದ್ದೆ. "ಏನು ದೊಡ್ಡಮ್ಮಾ?" ಎಂದು ಕೇಳಿದರೆ, "ನಿನ್ನೆ ಬದನೆಕಾಯಿ ಉದ್ದಕ್ಕೆ ಹೆಚ್ಚಬೇಕಿತ್ತು!"

ಅರ್ಧ ಭಯ ಹೋದದ್ದು ಆ ಹಳೆಯ ವರನಿಂದಲೇ. ಕೊಲ್ಕತ್ತದಲ್ಲಿರುವ ಕನ್ನಡದವರ ಮನೆಯೆಂದರೆ ಅರ್ಧ ಛತ್ರ ಎಂದು ನಿಮಗೆ ಗೊತ್ತಿರಬೇಕು. ಗಯಾ, ಕಾಶಿಗೆ ಹೊರಟವರು ಕಾಳಿಘಾಟ್, ದಕ್ಷಿಣೇಶ್ವರ ನೋಡಿಕೊಂಡು ಹೋಗೋಣವೆಂದು ಯಾರದೋ ಪರಿಚಯ ಹೇಳಿಕೊಂಡು ಇಳಿಯುತ್ತಾರೆ. ಹಾಗೆ ಬಂದ ಒಂದು ದಂಪತಿಗೆ ಬಡಿಸುವಾಗ ದೊಡ್ಡಮ್ಮ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, "ಅವನೇ ಕಣೇ!" ಎಂದಳು. ಆತನಿಗೆ ಇವಳ ಗುರುತು ಸಿಕ್ಕಿರಲಿಲ್ಲ. ಸಾರಿಗೆ ಇಂಗು ಜಾಸ್ತಿ ಎಂದ. ಈ ಊರಿನ ನೀರು ಸರಿಯಿಲ್ಲ ಎಂದ. ದಕ್ಷಿಣೇಶ್ವರದಲ್ಲಿ ನದಿಯ ದಡದಲ್ಲಿ ನಿಂತು, ಗಂಗೆ ಹೀಗಿರಬಾರದಿತ್ತು ಎಂದ! ಹೊರಡುವಾಗ ಕುರ್ಚಿಯಲ್ಲಿ ಕೂತು ಕಾಲು ಚಾಚಿದ. ಹೆಂಡತಿ ಬಗ್ಗಿ ಸಾಕ್ಸ್ ತೊಡಿಸಿದರು.

ಅವರ ಟ್ಯಾಕ್ಸಿ ತಿರುವು ದಾಟಿತು. ದೊಡ್ಡಮ್ಮ ಬಾಗಿಲಲ್ಲೇ ನಿಂತು, "ನಾನು ಒಂದು ತಪ್ಪು ಮಾಡ್ಬಿಟ್ಟೆ ಕಣೇ" ಎಂದಳು.

"ಏನು?"

"ಆಯಮ್ಮನಿಗೆ ಒಂದು ಥ್ಯಾಂಕ್ಸ್ ಹೇಳ್ಬೇಕಿತ್ತು."

ಮದುವೆಯ ಭಯ ಅಲ್ಲಿಗೆ ತೀರಿತು. ಉಳಿದದ್ದು ಆ ಪ್ರಮೋಷನ್ನು. ಅವಳ ಜೊತೆಯವರು ದೊಡ್ಡ ಕುರ್ಚಿಗಳಲ್ಲಿ ಕೂತು ನಿವೃತ್ತರಾದರು. ದೊಡ್ಡಮ್ಮ ಸೇರಿದಾಗ ಇದ್ದ ಮೇಜಿನ ಆಸುಪಾಸಿನಲ್ಲೇ ನಿವೃತ್ತಳಾದಳು. ನಿವೃತ್ತಿಯ ಮರುವಾರವೇ ಒಂದು ತಪ್ಪು ಸಿಕ್ಕಿತು. ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ಆಯುಧಪೂಜೆಯಲ್ಲಿ ಅದಕ್ಕೆ ಕುಂಕುಮ ಹಚ್ಚಿದ್ದು ಬಿಟ್ಟರೆ ಮುಟ್ಟಿಯೇ ಇರಲಿಲ್ಲವಂತೆ. ಸರಿ, ಕಂಪ್ಯೂಟರ್ ಕ್ಲಾಸಿಗೆ ಸೇರಿದಳು! ಸೆಕ್ಟರ್ ಫೈವ್‌ನ ಕನಸು ಕಾಣುವ ಹುಡುಗ ಹುಡುಗಿಯರ ಮಧ್ಯೆ, ಕಾಟನ್ ಸೀರೆ ಉಟ್ಟು, ಟಿಫನ್ ಡಬ್ಬಿ ಇಟ್ಟುಕೊಂಡು ಮೊದಲ ಸಾಲಿನಲ್ಲಿ.

ಅಲ್ಲಿ ಕಲಿಸುವ ಯುವಕ ಒಂದು ದಿನ, ಮಾಡಿದ್ದನ್ನು ಮಾಡದ ಹಾಗೆ ಮಾಡುವ ಗುಂಡಿ ಯಾವುದೆಂದು ತೋರಿಸಿದ. ದೊಡ್ಡಮ್ಮನಿಗೆ ದೇವರೇ ಪ್ರತ್ಯಕ್ಷವಾದ ಹಾಗಾಯಿತು! ಒಂದು ಪುಟ ಬರೆದು, ಆ ಗುಂಡಿ ಒತ್ತಿ ಒತ್ತಿ ಪುಟ ಖಾಲಿ ಮಾಡಿದಳು. ಮತ್ತೆ ಬರೆದಳು, ಮತ್ತೆ ಖಾಲಿ ಮಾಡಿದಳು.

"ಇದು ಎಲ್ಲಿವರೆಗೆ ಹಿಂದಕ್ಕೆ ಹೋಗತ್ತಪ್ಪ?" ಎಂದು ಕೇಳಿದಳು.

"ಫೈಲ್ ತೆರೆದ ಹೊತ್ತಿನವರೆಗೆ, ಮಾಶಿಮಾ."

"ಅದಕ್ಕಿಂತ ಹಿಂದೆ?"

"ಅದಕ್ಕಿಂತ ಹಿಂದಿನದು ಇದಕ್ಕೂ ಗೊತ್ತಿಲ್ಲ."

ಮನೆಗೆ ಬಂದು ಚಪ್ಪಲಿ ಬಿಡುತ್ತ ಗೊಣಗಿದಳು. "ಅಷ್ಟೆತ್ತರ ಗಾಜಿನ ಕಟ್ಟಡ ಕಟ್ಕೊಂಡು ಇಷ್ಟೇನಾ ಇವರು ಕಂಡುಹಿಡಿದಿರೋದು!"

ನಾನು ನಕ್ಕೆ. ಅದಕ್ಕಿಂತ ಹಿಂದೆ ಎಲ್ಲಿಗೆ ಹೋಗಬೇಕಿತ್ತು ಇವಳಿಗೆ ಎಂದು ಒಳಗೇ ಕೇಳಿಕೊಂಡೆ. ಕೋರ್ಸ್ ಮುಗಿದಾಗ ಬಂದ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದೆ. ಅವಳು ಬೇಡ ಎನ್ನಲಿಲ್ಲ. ದಿನವೂ ಊದುಬತ್ತಿ ಬೆಳಗುವಾಗ ಕೈ ಅಲ್ಲಿಗೂ ಒಂದು ಸುತ್ತು ಹೋಗುತ್ತಿತ್ತು.

ಆದರೆ ಅವಳ ತಪ್ಪು ತಿದ್ದುವ ಕಸುಬಿನ ಶಿಖರ ಎಂದರೆ ಗಯಾ ಪ್ರಕರಣ. ಗಯೆಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರಬೇಕು, ಮತ್ತೆ ಜನ್ಮದಲ್ಲಿ ಅದನ್ನು ತಿನ್ನಬಾರದು ಎಂಬುದು ನಮ್ಮವರ ಪದ್ಧತಿ. ಬುದ್ಧಿವಂತರು ಹೋಗಿ ಕಹಿ ಹಾಗಲಕಾಯಿ ಬಿಟ್ಟು ಬರುತ್ತಾರೆ. ದೊಡ್ಡಮ್ಮ ಅಜ್ಜನ ಕಾರ್ಯಕ್ಕೆ ಹೋದಾಗ ಭಕ್ತಿಯ ಭರದಲ್ಲಿ ಮಾವಿನ ಹಣ್ಣನ್ನು ಬಿಟ್ಟಿದ್ದಳು. ಮಾವಿನ ಹಣ್ಣು! ಬೇಸಗೆಯಲ್ಲಿ ಬೀದಿಗೆ ಬೀದಿಯೇ ಹಿಮಸಾಗರ್ ಮಾವಿನ ವಾಸನೆ ಹೊಡೆಯುವ ಊರಿನಲ್ಲಿದ್ದುಕೊಂಡು! ಎಷ್ಟೋ ಬೇಸಗೆ ತಡೆದುಕೊಂಡವಳು ಕೊನೆಗೊಮ್ಮೆ, "ಟಿಕೆಟ್ ತಗೊ, ಗಯಾಕ್ಕೆ ಹೋಗಿ ವಾಪಸ್ ತರೋಣ" ಎಂದಳು.

ಹೋದೆವು. ಅಲ್ಲಿನ ಪಂಡಾ, ಎಂದರೆ ಕರ್ಮ ಮಾಡಿಸುವ ಪುರೋಹಿತರು, ಇವಳ ಬೇಡಿಕೆ ಕೇಳಿ ಜನಿವಾರ ಹಿಡಿದುಕೊಂಡರು.

"ತಾಯಿ, ಇಲ್ಲಿ ಬಿಟ್ಟದ್ದನ್ನು ವಾಪಸ್ ಕೊಡುವ ಪದ್ಧತಿ ಇಲ್ಲ."

"ಸೀರೆ ಅಂಗಡಿಯವರೂ ಮೊದಲು ಹಾಗೇ ಅಂತಾರೆ," ಎಂದಳು ದೊಡ್ಡಮ್ಮ ತನ್ನ ಮೈಸೂರು ಹಿಂದಿಯಲ್ಲಿ. "ಸುಮ್ನೆ ಕೊಡಿ ಅಂತಿಲ್ಲ. ಬದಲಿಗೆ ಹಾಗಲಕಾಯಿ ಇಟ್ಕೊಳ್ಳಿ."

"ಹಾಗಲಕಾಯಿ ನಿಮಗೆ ಇಷ್ಟವೇ?"

ಪುಣ್ಯಕ್ಷೇತ್ರದಲ್ಲಿ ನಿಂತು ಸುಳ್ಳು ಹೇಳುವುದು ಹೇಗೆ? ತುಂಬ ಹೊತ್ತು ಯೋಚಿಸಿದಳು. ಮಾವಿನಷ್ಟೇ ಇಷ್ಟವಾದದ್ದು ಅವಳಿಗೆ ಇನ್ನೊಂದೇ ಇತ್ತು. "ಹಾಗಾದ್ರೆ ಕಾಫಿ," ಎಂದಳು. ಇವಳು ತೊಲಗಿದರೆ ಸಾಕೆನ್ನಿಸಿತೋ ಏನೋ, ಪಂಡಾ ಒಂದು ಮಂತ್ರ ಹೇಳಿ ನೀರು ಬಿಡಿಸಿದರು. ವ್ಯಾಪಾರ ಕುದುರಿತು!

ವಾಪಸಾಗುವ ರೈಲು ಮೊದಲ ಸ್ಟೇಷನ್ನಿನಲ್ಲಿ ನಿಂತಿತು. ಕಿಟಕಿಯಾಚೆ ಒಬ್ಬ ಕಾಫಿ ಕಾಫಿ ಎಂದು ಕೂಗಿಕೊಂಡು ಹೋದ. ಹಬೆಯ ಘಮ ಒಳಗೆ ಬಂತು. ದೊಡ್ಡಮ್ಮ ನನ್ನ ಕಡೆ ತಿರುಗಿದಳು.

"ನಾನು ಒಂದು ತಪ್ಪು..."

"ಬೇಡ ದೊಡ್ಡಮ್ಮಾ!" ಎಂದೆ.

ಆದರೂ ಒಂದು ಮಾತು ಹೇಳಬೇಕು: ಆಮೇಲೆ ಕೊನೆಯವರೆಗೂ ಅವಳು ಕಾಫಿ ಮುಟ್ಟಲಿಲ್ಲ. ಕೊಟ್ಟ ಮಾತನ್ನು ಬದಲಾಯಿಸಬಹುದು, ಮುರಿಯಬಾರದು ಎನ್ನುತ್ತಿದ್ದಳು. ನನ್ನ ಬದುಕಿನಲ್ಲಿ ನಾನು ಕಂಡ ಅತ್ಯಂತ ನೇರ ವ್ಯಕ್ತಿ ಅವಳೇ. ಇದನ್ನು ಯಾರೆದುರು ಬೇಕಾದರೂ ಹೇಳುತ್ತೇನೆ.

ಕಳೆದ ವರ್ಷ ದುರ್ಗಾಪೂಜೆಯ ಚಪ್ಪರಗಳನ್ನು ಬಿಚ್ಚುತ್ತಿದ್ದ ದಿನಗಳಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಿದೆವು. ಮನೆಗೆ ಬರಲಿಲ್ಲ. ಆದರೆ ಅಲ್ಲೂ ಸುಮ್ಮನೆ ಮಲಗಿದ್ದಳೆಂದುಕೊಂಡಿರಾ? ಬಂದುಹೋಗುವವರನ್ನೆಲ್ಲ ವಿಚಾರಿಸುವುದು: ಬದುಕಿನಲ್ಲಿ ಏನಾದರೂ ತಪ್ಪು ಮಾಡಿದೆ ಅಂತ ನಿಮಗೆ ಅನ್ನಿಸುತ್ತಾ, ಏನು ಸರಿಮಾಡಬೇಕು? ಒಂದು ಮಧ್ಯಾಹ್ನ ನರ್ಸ್ ಹುಡುಗಿ, ಈ ಕೆಲಸ ಬಿಟ್ಟು ಕಂಪ್ಯೂಟರ್ ಕಲಿಯಬೇಕಿತ್ತು ಎಂದಳು.

"ಈಗ ಕಲಿ. ನಾನು ರಿಟೈರಾದ ಮೇಲೆ ಕಲಿತೆ," ಎಂದಳು ದೊಡ್ಡಮ್ಮ.

ಹುಡುಗಿ ನಕ್ಕಳು. "ಮತ್ತೆ ನಿಮ್ಮದು? ಸರಿಮಾಡುವುದು ಇನ್ನೂ ಏನಾದರೂ ಉಳಿದಿದೆಯಾ?"

"ಒಂದಿದೆ."

ನಾನು ಕಿಟಕಿಯ ಹತ್ತಿರ ಟವೆಲ್ ಮಡಿಸುತ್ತಿದ್ದೆ.

ದೊಡ್ಡಮ್ಮ ನನ್ನ ಕಡೆ ಬೆರಳು ತೋರಿಸಿದಳು. "ಇವಳಮ್ಮ ಹೋದಾಗ ನಾನು ಆಗ್ಲೇ ಹೋಗಿ ಇವಳನ್ನ ಕರ್ಕೊಂಡು ಬರ್ಬೇಕಿತ್ತು. ಒಬ್ಬಳೇ ಹೇಗೆ ಸಾಕ್ತೀನಿ, ಆಫೀಸ್ ಗತಿ ಏನು, ಜನ ಏನಂತಾರೆ ಅಂತ ಯೋಚನೆ ಮಾಡ್ತಾ ಕೂತೆ. ಒಂದು ವರ್ಷ ಕೂತೆ. ಇವಳ ಮೊದಲನೇ ಹಲ್ಲು ಬಿದ್ದಿದ್ದು, ಅಕ್ಷರ ತಿದ್ದಿದ್ದು, ಎಲ್ಲ ಅಷ್ಟರಲ್ಲೇ ಆಗೋಗಿತ್ತು. ನಾನು ನೋಡ್ಲಿಲ್ಲ. ಅದೊಂದಕ್ಕೆ ಏನ್ ಮಾಡೋದು ಅಂತ ಇವತ್ತಿನವರೆಗೂ ಹೊಳೀಲಿಲ್ಲ."

"ಮತ್ತೆ ಆ ಪ್ರಮೋಷನ್ನು, ದೊಡ್ಡಮ್ಮಾ?"

"ಯಾವ ಪ್ರಮೋಷನ್ನೇ?"

ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ಹುಬ್ಬು ಗಂಟಿಕ್ಕಿ ನನ್ನ ಮುಖ ನೋಡಿದಳು. "ಅಯ್ಯೋ, ಅಳೋದ್ಯಾಕೆ ಈಗ? ಹೋಗು, ಮುಖ ತೊಳ್ಕೊಂಡು ಬಾ."

ನಲ್ಲಿ ವರಾಂಡದ ಆ ತುದಿಯಲ್ಲಿತ್ತು. ಹೋಗಿ ಬರುವಷ್ಟು ಹೊತ್ತನ್ನೂ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅವಳ ಮಂಚದ ಮೇಲೆ ಹಾಗೇ ಒದ್ದೆ ಮುಖದಲ್ಲಿ ಕೂತೆ.