ಹೆಡ್ ಮೇಷ್ಟ್ರು ಗುದ್ದಿದ ಕಾರು

ಕೋಪ ಎಲ್ಲರಿಗೂ ಬರುತ್ತದೆ, ನನಗೂ ಬರುತ್ತದೆ. ಆದರೆ ನನ್ನ ಕೋಪಕ್ಕೆ ಹೊತ್ತುಗೊತ್ತು ತಿಳಿಯದು. ಬೇಕಾದಾಗ ಬರುವುದಿಲ್ಲ, ಎಲ್ಲ ಮುಗಿದು, ಜನ ಚದುರಿ, ನಾನು ಮನೆ ಸೇರಿ ಕಾಲು ತೊಳೆದುಕೊಂಡ ಮೇಲೆ ನಿಧಾನವಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಸಂತೆಯಲ್ಲಿ ಹುಳುಕು ಬದನೆಕಾಯಿ ಕೊಟ್ಟವಳ ಮೇಲೆ ನನಗೆ ಸಿಟ್ಟು ಬಂದದ್ದು ಆ ಬದನೆಕಾಯಿಯ ಗೊಜ್ಜು ತಿಂದು ಮಲಗಿ ಎದ್ದ ಮೇಲೆ. ಆಗ ಎದುರಿಗಿದ್ದವಳು ನನ್ನ ಹೆಂಡತಿ ಚಿಕ್ಕತಾಯಿ ಒಬ್ಬಳೇ. ಅವಳು ಉಡಿಗಾಲದವಳು, ಆ ಊರಿನವರ ಬಾಯಿಗೆ ಎದುರಿಲ್ಲ. ಅವಳ ಮೇಲೆ ಸಿಟ್ಟು ತೋರಿಸುವಷ್ಟು ಬುದ್ಧಿಗೇಡಿ ನಾನಲ್ಲ. ಹೀಗಾಗಿ ನನ್ನ ಕೋಪಗಳೆಲ್ಲ ಬಳಕೆಯಾಗದೆ ಉಳಿದುಹೋಗಿವೆ. ಅವುಗಳಲ್ಲಿ ಅತಿ ದೊಡ್ಡದು, ನನ್ನ ಕಾರಿಗೆ ಹೆಡ್ ಮೇಷ್ಟ್ರು ಗುದ್ದಿದಾಗ ಬರಬೇಕಾಗಿದ್ದದ್ದು.

ಗುಂಡ್ಲುಪೇಟೆಯ ಸಹಕಾರ ಸಂಘದ ಕಾರ್ಯದರ್ಶಿಯ ಹತ್ತಿರ ಕಾರು ಎಲ್ಲಿಂದ ಬಂತು ಎಂದು ನೀವು ಕೇಳುವುದು ನ್ಯಾಯವೇ. ಊರಿನವರೂ ಕೇಳಿದ್ದರು. ಸಂಘಕ್ಕೆ ಸೇರುವ ಮುಂಚೆ ನಾನು ಗೂಡಲೂರಿನ ಆಚೆ ಒಂದು ಟೀ ಎಸ್ಟೇಟಿನಲ್ಲಿ ಎಂಟು ವರ್ಷ ಲೆಕ್ಕ ಬರೆದೆ. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾದ ಮೇಲೆ ಎಸ್ಟೇಟಿನ ದೊರೆ ತನ್ನ ದೇಶಕ್ಕೆ ಹೊರಟ. ಹೊರಡುವಾಗ ನಾಯಿಯನ್ನು ಅಡುಗೆಯವನಿಗೆ ಕೊಟ್ಟ, ಕಾರನ್ನು ನನಗೆ ಕೊಟ್ಟ. ನಾಯಿ ಕೇಳೋಣವೆಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಕಾರು ನನ್ನ ಪಾಲಾಗಿತ್ತು. ಅದೂ ಎಂಥ ಕಾರು! ಕೆಂಪು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಬಟ್ಟೆಯ ಸೂರು, ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರ, ನೆಲಕ್ಕೆ ಅಂಟಿಕೊಂಡಂತೆ ಕೂರುವ ಜಾಗ. ಓಟದ ಪಂದ್ಯಕ್ಕೆಂದು ಮಾಡಿದ್ದಂತೆ. ಅದರಲ್ಲಿ ಪಂಚೆ ಉಟ್ಟು, ತಲೆಗೆ ಟವಲು ಸುತ್ತಿ ನಾನು ಮೊದಲ ಸಲ ಬೇಗೂರಿನ ಮೇಲೆ ಹೋದಾಗ ಅಂಗಡಿ ಮುಂದೆ ಕೂತಿದ್ದ ಒಬ್ಬ ಮುದುಕ, "ಯಾಕಪ್ಪಾ, ಮ್ಯಾಲಿನ ಅರ್ಧ ಇನ್ನೂ ಬಂದಿಲ್ವಾ?" ಎಂದು ಕೇಳಿದ. ಚಿಕ್ಕತಾಯಿಗೆ ಮಾತ್ರ ಆ ಕಾರಿನ ಮೇಲೆ ಬಹಳ ಪ್ರೀತಿ. ಎರಡೇ ಸೀಟಾದ್ದರಿಂದ ನನ್ನ ಅಕ್ಕಂದಿರನ್ನು ಕೂರಿಸಿಕೊಳ್ಳುವಂತಿಲ್ಲ ಎನ್ನುವುದು ಅದಕ್ಕೆ ಕಾರಣ. ಬಾಯಿಬಿಟ್ಟು ಅವಳು ಹೇಳಿಲ್ಲ, ನಾನು ಕೇಳಿಯೂ ಇಲ್ಲ.

ಒಂದು ಬೆಳಿಗ್ಗೆ ಇಬ್ಬರೂ ಉಡಿಗಾಲಕ್ಕೆ ಹೊರಟಿದ್ದೆವು. ಸಂಘದ ಕೊಠಡಿಯ ಬೀಗದಕೈ ಕೊಟ್ಟು ಬರುತ್ತೇನೆಂದು ಕಾರನ್ನು ಸಂಘದ ಮುಂದೆ, ರಸ್ತೆಯಿಂದ ಪೂರಾ ಕೆಳಗಿಳಿಸಿ, ಹೊಂಗೆಮರದ ನೆರಳಿಗೆ ನಿಲ್ಲಿಸಿ ಒಳಗೆ ಹೋದೆ. ಚಿಕ್ಕತಾಯಿ ತೊಡೆಯ ಮೇಲೆ ಒಬ್ಬಟ್ಟಿನ ಡಬ್ಬ ಇಟ್ಟುಕೊಂಡು ಕಾರಿನಲ್ಲೇ ಕೂತಿದ್ದಳು. ಒಳಗೆ ನಾನು ಬೀಗದಕೈ ಕೊಡುತ್ತಿರುವಾಗ ಹೊರಗೆ ತಗಡು ಹರಿದಂಥ ಸದ್ದಾಯಿತು. ಓಡಿ ಬಂದೆ. ಒಂದು ಹಳೆಯ ಕಪ್ಪು ಕಾರು ನನ್ನ ಕಾರಿನ ಬಲ ಭುಜಕ್ಕೆ ಗುದ್ದಿ, ಅದನ್ನು ಮರಕ್ಕೆ ಒತ್ತಿಕೊಂಡು ನಿಂತಿತ್ತು. ಮುಂದಿನ ಮಡ್‌ಗಾರ್ಡು ಸುಟ್ಟ ಹಪ್ಪಳದಂತೆ ಮುದುರಿತ್ತು, ಒಂದು ದೀಪ ಒಡೆದಿತ್ತು, ರೇಡಿಯೇಟರಿನಿಂದ ನೀರು ಸುರಿಯುತ್ತಿತ್ತು. ಚಿಕ್ಕತಾಯಿ ಡಬ್ಬವನ್ನು ಎದೆಗೆ ಅಪ್ಪಿಕೊಂಡು ಮಿಸುಕದೆ ಕೂತಿದ್ದಳು. ಮೈಗೆ ಏನೂ ಆಗಿರಲಿಲ್ಲ. "ಒಬ್ಬಟ್ಟು ಸರ್ಯಾಗವೆ" ಎಂದಳು. ಆಗ ನನಗೆ ಜೀವ ಬಂತು. ಇನ್ನು ಕೋಪವೂ ಬರಬೇಕು, ಬಂದೇಬಿಡುತ್ತದೆ ಎನ್ನುವಾಗ ಕಪ್ಪು ಕಾರಿನ ಬಾಗಿಲು ತೆರೆದು, ಮುಚ್ಚುಕೋಟು ತೊಟ್ಟು ರುಮಾಲು ಸುತ್ತಿದ ಹೆಡ್ ಮೇಷ್ಟ್ರು ಶಾಮಣ್ಣನವರು ಇಳಿದರು.

ಚಾಮರಾಜನಗರದ ಹೈಸ್ಕೂಲಿನಲ್ಲಿ ನಾನು ಓದುವಾಗ ಅವರು ಹೆಡ್ ಮೇಷ್ಟ್ರು. ನನ್ನ ಎರಡೂ ಅಂಗೈಗೆ ಅವರ ಬೆತ್ತದ ಪರಿಚಯ ಚೆನ್ನಾಗಿತ್ತು. ನಿವೃತ್ತರಾದ ಮೇಲೆ ಗುಂಡ್ಲುಪೇಟೆಯ ಸ್ವಂತ ಮನೆಗೆ ಬಂದು ಒಬ್ಬರೇ ಇದ್ದರು, ಹೆಂಡತಿ ತೀರಿಕೊಂಡಿದ್ದರು. ಚಾಮರಾಜನಗರದಲ್ಲಿದ್ದ ಮಗಳನ್ನೂ ಮೊಮ್ಮಕ್ಕಳನ್ನೂ ಭಾನುವಾರ ಭಾನುವಾರ ನೋಡಿ ಬರಲೆಂದೇ ಆ ಹಳೆಯ ಕಾರು ಕೊಂಡಿದ್ದರು. ಅವರನ್ನು ಕಂಡದ್ದೇ ನನ್ನ ಕೈ ತಾನಾಗಿ ತಲೆಗೆ ಹೋಗಿ ಟವಲು ಬಿಚ್ಚಿತು.

"ಯಾರದು ಈ ಗಾಡಿ?" ಎಂದರು.

"ನಂದು ಸಾರ್. ತಪ್ಪಾಯ್ತು ಸಾರ್" ಎಂದೆ.

ಹೌದು, ನಾನೇ ಅಂದದ್ದು. ನೆರಳಿನಲ್ಲಿ ಸುಮ್ಮನೆ ನಿಂತಿದ್ದ ಕಾರಿನ ಪರವಾಗಿ, ಬಂದು ಗುದ್ದಿದವರ ಕ್ಷಮೆ ಕೇಳಿದೆ. ಸೇರಿದ್ದ ಜನರಿಗೂ, ನಾನೇ ಸರಿಯಾಗಿ ನಿಲ್ಲಿಸಿರಲಿಲ್ಲ ಎಂದು ವಿವರಿಸಿದೆ. ಮೇಷ್ಟ್ರು ಸ್ವಲ್ಪ ಹೊತ್ತು ನನ್ನ ಧ್ವನಿ ಬಂದ ಕಡೆಗೆ ಮುಖ ಮಾಡಿ ನಿಂತು, "ಮಹದೇವಪ್ಪ ಅಲ್ಲವೇ? ನೀನು ಹಾಗೆಲ್ಲ ಹೇಳಬೇಡ. ಕೆಡಿಸಿದವನು ನಾನು. ರಿಪೇರಿ ನನ್ನದು" ಎಂದರು. ಅಲ್ಲಿಗೆ ಮಾತು ಮುಗಿಯಿತು. ಮನೆಗೆ ಹೋಗಿ ಕೂತ ಮೇಲೆ, ವಾಡಿಕೆಯಂತೆ, ನನಗೆ ವಿಪರೀತ ಕೋಪ ಬಂತು. ಚಿಕ್ಕತಾಯಿ ಒಬ್ಬಟ್ಟು ಬಡಿಸಿ, "ಮೇಷ್ಟ್ರು ನನ್ನ ಮೊಕನೇ ನೋಡ್ಕಂಡು ಬಂದ್ರು ಕಣಿ. ನೋಡ್ಕಂಡೇ ಗುದ್ಬುಟ್ರು. ಯಾಕಿದ್ದದು?" ಎಂದಳು. ವಯಸ್ಸಾಗಿದೆ, ಬ್ರೇಕು ಸಿಕ್ಕಿರಲಿಕ್ಕಿಲ್ಲ ಎಂದೆ. ಅವಳು ಒಪ್ಪಿದಂತೆ ಕಾಣಲಿಲ್ಲ.

ಅಂಥ ಕಾರಿನ ರಿಪೇರಿ ಮಾಡುವವರು ಊಟಿಯಲ್ಲಿದ್ದರು ಅಥವಾ ಬೆಂಗಳೂರಿನಲ್ಲಿದ್ದರು. ನಮ್ಮೂರಿನಲ್ಲಿ ಇದ್ದವನು ಚನ್ನಾಚಾರಿ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕುವುದು, ನೇಗಿಲು ಮಾಡುವುದು ಅವನ ಕಸುಬು. ನಾಲ್ಕು ಜನ ಸೇರಿ ಕಾರನ್ನು ತಳ್ಳಿಕೊಂಡು ಅವನ ಕುಲುಮೆಗೆ ಮುಟ್ಟಿಸಿದೆವು. ಅವನು ಕಾರಿನ ಸುತ್ತ ಮೂರು ಸುತ್ತು ಬಂದು, ಜಜ್ಜಿಹೋಗಿದ್ದ ಬಾಗಿಲ ತಗಡನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿ ಒಳಗೆ ಇಣುಕಿದ. ಒಳಗೆ ಇದ್ದದ್ದು ಮರ. ಆ ಕಾರಿನ ಮೈಯೆಲ್ಲ ಮರದ ಚೌಕಟ್ಟು, ಮೇಲೆ ತಗಡು ಹೊದಿಸಿದ್ದು; ಗುದ್ದಿದ ರಭಸಕ್ಕೆ ಚೌಕಟ್ಟು ಎರಡು ಕಡೆ ಮುರಿದಿತ್ತು. ಆಚಾರಿಯ ಮುಖ ಅರಳಿತು. "ಇದ್ಕೆ ಇಸ್ಟೊಂದ್ ಎದುರ್ಕಂಡಿದ್ರಾ ಸ್ವಾಮಿ? ಇದು ಗಾಡಿನೇ ಕಣಿ. ಎತ್ತು ಒಂದಿಲ್ಲ, ಅಸ್ಟೇಯ" ಎಂದ. ಇಂಗ್ಲೆಂಡಿನವರ ಬಗ್ಗೆ ನನಗಿದ್ದ ಭಯಭಕ್ತಿ ಅಂದಿಗೆ ಅರ್ಧ ಇಳಿಯಿತು.

ಎರಡು ತಿಂಗಳು ಕೆಲಸ ನಡೆಯಿತು. ಮುರಿದ ಮರದ ಜಾಗಕ್ಕೆ ಹೊನ್ನೆಮರ ಬಂತು. ಮುದುರಿದ ತಗಡನ್ನು ಮರಳಿನ ಚೀಲದ ಮೇಲಿಟ್ಟು ಕೊಡತಿಯಲ್ಲಿ ತಟ್ಟಿ ತಟ್ಟಿ ಬಗ್ಗಿಸಿದ್ದಾಯಿತು. ಬಾಗಿದ ಕಡ್ಡಿಗಳನ್ನು ಸೈಕಲ್ ಶಾಪಿನವನು ನೆಟ್ಟಗೆ ಮಾಡಿದ. ರೇಡಿಯೇಟರಿಗೆ ಬೆಸುಗೆ ಬಿತ್ತು. ಮೇಷ್ಟ್ರು ಪ್ರತಿ ಸಂಜೆ ಕೊಡೆ ಊರಿಕೊಂಡು ಬಂದು, ಬೋರಲು ಹಾಕಿದ ಗಾಡಿಚಕ್ರದ ಗುಂಬದ ಮೇಲೆ ಕೂರುತ್ತಿದ್ದರು. ಆ ದಿನ ಮಾಡಿದ ಕೆಲಸವನ್ನು ಆಚಾರಿ ತಂದು ಅವರ ಮುಂದೆ ಹಿಡಿಯಬೇಕು. ಅವರು ಅದರ ಮೇಲೆ ಅಂಗೈ ಆಡಿಸಿ, "ಇಲ್ಲಿ ಒಂದು ಗುಳಿ ಉಳಿದಿದೆ" ಎನ್ನುತ್ತಿದ್ದರು. ನಾನು ಬಗ್ಗಿ ನೋಡಿದರೆ ನನಗೆ ಕಾಣುತ್ತಿರಲಿಲ್ಲ. ಆಚಾರಿ ಬೆರಳಿಟ್ಟು ನೋಡಿ, ನಿಜ ಎಂದು ತಲೆ ಆಡಿಸಿ, ಮತ್ತೆ ತಟ್ಟಲು ಕೂರುತ್ತಿದ್ದ. "ನಮ್ಮ ಕಣ್ಗೆ ಸಿಕ್ದೆ ಇರದು ಮೇಷ್ಟ್ರ ಕೈಗೆ ಸಿಕ್ತದೆ" ಎಂದು ಅವನಿಗೆ ಅವರ ಮೇಲೆ ಭಾರೀ ಗೌರವ. ಇದು ಹಳೆಯ ಕಟ್ಟುನಿಟ್ಟು, ಕಾಪಿ ಬುಕ್ಕಿನ ಕಾಲದಿಂದ ಬಂದದ್ದು ಎಂದೇ ನಾನು ತಿಳಿದಿದ್ದೆ. ಇಡೀ ತಾಲ್ಲೂಕಿನ ಲೆಕ್ಕ ನೋಡುವ ನನಗೆ ಈ ಒಂದು ಕೂಡಿಸುವ ಲೆಕ್ಕ ಬರಲಿಲ್ಲ.

ಕೊನೆಗೆ ಉಳಿದದ್ದು ಬಣ್ಣ. ಅದನ್ನು ತಾವೇ ತರುತ್ತೇನೆಂದು ಮೇಷ್ಟ್ರು ಮಗಳ ಮನೆಗೆ ಹೋದಾಗ ಚಾಮರಾಜನಗರದಿಂದ ತಂದರು. ಅವತ್ತು ಚಿಕ್ಕತಾಯಿಯೂ ಬುತ್ತಿ ಕೊಡಲು ಕುಲುಮೆಗೆ ಬಂದಿದ್ದಳು. ಮೇಷ್ಟ್ರು ಚೀಲದಿಂದ ಡಬ್ಬ ತೆಗೆದು, ಅದರ ಮೇಲಿನ ಅಕ್ಷರದ ಮೇಲೆ ಬೆರಳಿಟ್ಟು, "ಹಳೆಯ ಕೆಂಪೇ ಸಿಕ್ಕಿತು. ನೋಡು, ರೆಡ್ ಅಂತ ಬರೆದಿದೆ" ಎಂದರು. ಡಬ್ಬದ ಮೇಲೆ ಮೂರು ಮೊಳದ ದೂರಕ್ಕೂ ಕಾಣುವಂತೆ ಇಂಗ್ಲಿಷಿನಲ್ಲಿ ಗ್ರೀನ್ ಎಂದಿತ್ತು. ಆಚಾರಿ ಮುಚ್ಚಳ ತೆಗೆದ. ಒಳಗೆ ಗಿಳಿಹಸಿರು.

ನಲವತ್ತು ಹುಡುಗರ ಪುಸ್ತಕದಲ್ಲಿ ಒಂದು ಸೊನ್ನೆ ಸೊಟ್ಟಗಿದ್ದರೂ ಕಂಡುಹಿಡಿಯುತ್ತಿದ್ದ ಮನುಷ್ಯ ಅವರು. "ಹೇಗಿದೆಯೋ ಬಣ್ಣ?" ಎಂದು ಕೇಳಿದರು. ಕೇಳಿದ ಧ್ವನಿಯಲ್ಲಿ, ಬಹುಮಾನ ತಂದವರ ಸಂತೋಷವಿತ್ತು. "ತುಂಬಾ ಚೆನ್ನಾಗಿದೆ ಸಾರ್" ಎಂದೆ. ಆಚಾರಿ ನನ್ನ ಮುಖ ನೋಡಿದ, ಚಿಕ್ಕತಾಯಿ ನೆಲ ನೋಡಿದಳು. ಆಮೇಲೆ ಆಚಾರಿ ಸುಮ್ಮನೆ ಬ್ರಷ್ಷು ಅದ್ದಿದ. ಎರಡು ದಿನದಲ್ಲಿ ನನ್ನ ಕಾರು ಪೂರ್ತಿ ಹಸಿರಾಯಿತು.

ಕಾರೇನೋ ಸರಿಹೋಯಿತು. ಆದರೆ ಮೇಷ್ಟ್ರ ಕಪ್ಪು ಕಾರಿಗೆ ಆ ದಿನ ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಎರಡು ತಿಂಗಳಿಂದ ಅವರು ಬಸ್ಸಿನಲ್ಲಿ ಓಡಾಡುತ್ತಿದ್ದದ್ದು, ನಿನ್ನ ಕಾರು ಎದ್ದು ನಿಲ್ಲುವವರೆಗೆ ನಾನೂ ಕಾರು ಮುಟ್ಟುವುದಿಲ್ಲ ಎಂದು ತಮಗೆ ತಾವೇ ವಿಧಿಸಿಕೊಂಡ ಶಿಕ್ಷೆ. ಈಗ ಶಿಕ್ಷೆ ಮುಗಿದಿತ್ತು. ಬರುವ ಭಾನುವಾರದಿಂದ ಮತ್ತೆ ಕಾರಿನಲ್ಲೇ ಹೋಗುತ್ತೇನೆ ಎಂದರು. ಆ ದಾರಿಯಲ್ಲಿ ದನ ಬರುತ್ತವೆ, ಗಾಡಿ ಬರುತ್ತವೆ, ತೆರಕಣಾಂಬಿಯ ಹತ್ತಿರ ರಸ್ತೆಯ ಮೇಲೆಯೇ ಮಕ್ಕಳು ಗೋಲಿ ಆಡುತ್ತವೆ. ಕಾರು ಬಿಡಬೇಡಿ ಎಂದು ನಾನು ಅವರಿಗೆ ಹೇಳಬೇಕು. ಹೇಳಲೆಂದು ಮೂರು ಸಲ ಅವರ ಮನೆಗೆ ಹೋದೆ. ಮೊದಲ ಸಲ ಕಾಫಿ ಕುಡಿದು ಬಂದೆ, ಎರಡನೆಯ ಸಲ ಅವರ ಬಾವಿಯ ಹಗ್ಗ ಬದಲಾಯಿಸಿ ಬಂದೆ, ಮೂರನೆಯ ಸಲ ಭಾನುವಾರ ಹೊರಡುವ ಮುಂಚೆ ನಮ್ಮ ಮನೆಯಲ್ಲೇ ಊಟ ಮಾಡಬೇಕೆಂದು ಕರೆದು ಬಂದೆ. "ಒಂದ್ ಮಾತ್ ಏಳಕ್ಕೆ ಓಗಿ ಊಟಕ್ಕೆ ಕರ್ದ್‌ಬುಟ್ಟು ಬಂದ್ರಾ?" ಎಂದು ಚಿಕ್ಕತಾಯಿ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಭಾನುವಾರ ಎಲೆ ಹಾಕಿದೆವು. ಹುರುಳಿಕಾಳಿನ ಸಾರಿನ ಅನ್ನ ಮುಗಿಸಿ ಮೇಷ್ಟ್ರು ಮಜ್ಜಿಗೆಗೆ ಬಂದಿದ್ದರು. ಬಡಿಸುತ್ತಿದ್ದ ಚಿಕ್ಕತಾಯಿ ಚೊಂಬನ್ನು ಕೆಳಗಿಟ್ಟು ಅವರ ಎದುರಿಗೆ ಕೂತಳು.

"ಮೇಷ್ಟ್ರೇ, ನಾನು ನಿಮ್ಮತ್ರ ಓದ್ದೋಳಲ್ಲ. ಅದ್ಕೇ ಕೇಳ್ತೀನಿ, ತಪ್ಪು ತಿಳ್ಕಬೇಡಿ. ಅವತ್ತು ನಾ ಕಾರೊಳ್ಗೇ ಕುಂತಿದ್ದೆ. ನೀವು ನನ್ನ ಕಡೀಕೇ ನೋಡ್ಕಂಡು ಬಂದ್ರಿ. ನಿಮ್ಗೆ ನಾನು ಕಾಣ್ನಿಲ್ಲ, ಅಲ್ವಾ?"

ಮೇಷ್ಟ್ರ ಕೈ ಎಲೆಯ ಮೇಲೆ ನಿಂತಿತು. ನಾನು ಉಪ್ಪಿನಕಾಯಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

"ನೀನು ಅದರಲ್ಲಿದ್ದೆಯಾ ತಾಯಿ?" ಎಂದರು. ಅವರಿಗೆ ಅದು ಆವರೆಗೆ ಗೊತ್ತೇ ಇರಲಿಲ್ಲ. ಯಾರೂ ಹೇಳಿರಲಿಲ್ಲ, ಹೇಳಬೇಕಾದವನು ಕ್ಷಮೆ ಕೇಳುವುದರಲ್ಲಿ ತೊಡಗಿದ್ದ. ಆಮೇಲೆ ಅವರೇ ಹೇಳಿದರು. "ಎರಡು ವರ್ಷವಾಯಿತು. ಪೊರೆ ಬಂದಿದೆ. ಬೆಳಿಗ್ಗೆ ಪತ್ರಿಕೆ ಹಿಡಿದುಕೊಂಡು ಜಗಲಿಯ ಮೇಲೆ ಕೂರುತ್ತೇನೆ. ಯಾರಾದರೂ ಬರುವ ಸದ್ದಾದರೆ ಪುಟ ತಿರುವುತ್ತೇನೆ. ಮಗಳಿಗೆ ತಿಳಿದರೆ ಅವಳ ಮನೆಯ ಮೂಲೆಯಲ್ಲಿ ಕೂರಿಸಿಬಿಡುತ್ತಾಳೆ ಎಂದು ಹೆದರಿಕೆ."

"ಮೈಸೂರ್ನಲ್ಲಿ ಕುಯ್ದು ತಗೀತಾರಂತೆ. ನಮ್ಮ ದೊಡ್ಡಪ್ಪನ್ಗೆ ತೆಗೆದ್ರು. ಈಗ ಸೂಜಿಗೆ ದಾರ ಪೋಣಿಸ್ತನೆ" ಎಂದಳು ಚಿಕ್ಕತಾಯಿ.

ಮೇಷ್ಟ್ರು ಎಡಗೈಯಿಂದ ಕೋಟಿನ ಜೇಬು ತಡಕಿ ಕಾರಿನ ಕೀಲಿ ತೆಗೆದರು. ಅದನ್ನು ಎಲೆಯ ಪಕ್ಕಕ್ಕೆ ಇಟ್ಟು, ನನ್ನ ಕಡೆಗಲ್ಲ, ಅವಳ ಕಡೆಗೆ ತಳ್ಳಿದರು. ಆಮೇಲೆ, "ಮಜ್ಜಿಗೆ ಹಾಕು ತಾಯಿ" ಎಂದರು.

ಮೈಸೂರಿಗೆ ಅವರನ್ನು ಕರೆದುಕೊಂಡು ಹೋದದ್ದು ಅದೇ ಹಸಿರು ಕಾರಿನಲ್ಲಿ. ಎರಡೇ ಸೀಟು, ಚಿಕ್ಕತಾಯಿ ತನ್ನದನ್ನು ಬಿಟ್ಟುಕೊಟ್ಟು, ಪಾತ್ರೆ ಪಡಗ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಳು. ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದ ಹಾಗೆ ಅಕ್ಕಪಕ್ಕ ಮರಳಿನ ಚೀಲ ಇಟ್ಟು ಮಲಗಿಸಿದರು. ಮಗಳು ಬಂದು ಅತ್ತಳು, ಜಗಳವಾಡಿದಳು, ಆಮೇಲೆ ಗಂಜಿ ಕುಡಿಸಿದಳು. ಪಟ್ಟಿ ಬಿಚ್ಚಿ, ಗಾಜಿನ ಗುಂಡಿನಂಥ ದಪ್ಪ ಕನ್ನಡಕ ಬಂದ ದಿನ ಮೇಷ್ಟ್ರು ಹೊರಗೆ ಬಂದು ನನ್ನ ಕಾರಿನ ಮುಂದೆ ನಿಂತರು. ನಾನು ಅವರ ಹಿಂದೆ ನಿಂತೆ.

"ಮಹದೇವಪ್ಪ, ಇದು ಹಸಿರು."

"ಹೌದು ಸಾರ್."

"ನಾನು ಕೇಳಿದಾಗ ಚೆನ್ನಾಗಿದೆ ಎಂದೆಯಲ್ಲ."

"ಚೆನ್ನಾಗಿದೆ ಸಾರ್" ಎಂದೆ.

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಕಣ್ಣನ್ನೂ ಒರೆಸಿಕೊಳ್ಳಬೇಕೆಂದು ಕೈ ಎತ್ತಿ, ಡಾಕ್ಟರು ಮುಟ್ಟಬೇಡಿ ಎಂದದ್ದು ನೆನಪಾಗಿ ಇಳಿಸಿದರು. ಕಾರು ಹತ್ತಿ ಕೂತರು. ನಂಜನಗೂಡು ದಾಟುವವರೆಗೂ ಅಂಗಡಿ ಅಂಗಡಿಯ ಬೋರ್ಡುಗಳನ್ನು ಮೆಲ್ಲಗೆ ತಮ್ಮಷ್ಟಕ್ಕೇ ಓದಿಕೊಳ್ಳುತ್ತಿದ್ದರು.

ನನ್ನ ಎದೆ ಉಬ್ಬಿತ್ತು. ಗುರುಗಳಿಗೆ ಕಣ್ಣು ಕೊಡಿಸಿದ ಶಿಷ್ಯ ನಾನು ಎಂದು ಸಂಘದಲ್ಲಿ ಬಂದವರಿಗೆಲ್ಲ ಹೇಳಿದೆ. ಕೊಡಿಸಿದವಳು ಚಿಕ್ಕತಾಯಿ ಎಂಬ ಅಂಶವನ್ನು ಸಮಯದ ಅಭಾವದಿಂದ ಬಿಟ್ಟೆ. ಮುಂದಿನ ಸೋಮವಾರ ಮೇಷ್ಟ್ರು ಸಂಘದ ಮುಂದೆ ಹಾದುಹೋಗುತ್ತಿದ್ದವರು ನಿಂತರು. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ನನ್ನ ಕೈಬರಹದಲ್ಲಿ, "ಈ ದಿನ ಸೀಮೆಎಣ್ಣೆ ಅಂಚಿಕೆ ಇರುವುದಿಲ್ಲ" ಎಂದಿತ್ತು. ನಮ್ಮ ಸೀಮೆಯ ನಾಲಿಗೆಗೆ ಹಕಾರ ಹತ್ತುವುದಿಲ್ಲ. ನಾಲಿಗೆಗೆ ಹತ್ತದ್ದು ಕೆಲವರ ಕೈಗೂ ಹತ್ತುವುದಿಲ್ಲ. ಎರಡು ವರ್ಷದಿಂದ ಆ ಸಾಲು ಹಾಗೇ ಇತ್ತು, ಎರಡು ವರ್ಷದಿಂದ ಅವರು ಅದರ ಮುಂದೆಯೇ ಓಡಾಡಿದ್ದರು.

"ಮಹದೇವಪ್ಪ, ಬಾ ಇಲ್ಲಿ" ಎಂದರು. ಹೋದೆ. "ಕೈ ಚಾಚು" ಎಂದರು. ಎಣ್ಣೆಯ ಡಬ್ಬ ಹಿಡಿದ ಹತ್ತು ಹದಿನೈದು ಸದಸ್ಯರು ನೋಡುತ್ತಿರುವಾಗ ಸಂಘದ ಕಾರ್ಯದರ್ಶಿಯು ಕಣ್ಣು ಮುಚ್ಚಿ ಕೈ ಚಾಚಿದನು. ಅಂಗೈಗೆ ಏನೋ ಹಗುರವಾಗಿ ಬಿತ್ತು. ಕಣ್ಣು ಬಿಟ್ಟೆ. ಸೀಮೆಸುಣ್ಣ.

"ನೀನೇ ತಿದ್ದು" ಎಂದರು.

ತಿದ್ದಿದೆ. ಅಂಚಿಕೆಯನ್ನು ಹಂಚಿಕೆ ಮಾಡಿದೆ. ಮನಸ್ಸು ತುಂಬಿತ್ತು, ಅವರು ಹಿಂದೆಯೇ ನಿಂತು ನೋಡುತ್ತಿದ್ದರು. ಆ ಉತ್ಸಾಹದಲ್ಲಿ ಪಕ್ಕದ ಪದಕ್ಕೂ ಒಂದು ಹಕಾರ ಹಾಕಿ "ಹಿರುವುದಿಲ್ಲ" ಎಂದು ಬರೆದುಬಿಟ್ಟೆ.